ಸಾರಿನ ಮೇಲಿನ ಜಿಡ್ಡು ಹೋದ ದಾರಿ

ಪಾಶ್ಚಾತ್ಯ ದೇಶಗಳ ಅಡುಗೆಮನೆಗಳಲ್ಲಿ ಒಂದು ವಿಚಿತ್ರ ಪಾತ್ರೆ ಕಾಣಸಿಗುತ್ತದೆ. ನೋಡಲು ಅಳತೆಯ ಲೋಟದಂತೆ. ಗಾಜಿನದೋ ಪ್ಲಾಸ್ಟಿಕ್ಕಿನದೋ ಆಗಿರುವುದರಿಂದ ಒಳಗಿರುವುದು ಹೊರಗೆ ಕಾಣುತ್ತದೆ. ಒಂದೇ ಕೈಯಲ್ಲಿ ಹಿಡಿದು ಬಗ್ಗಿಸಬಹುದಾದಷ್ಟು ಚಿಕ್ಕದು. ವಿಚಿತ್ರವಿರುವುದು ಅದರ ಮೂತಿಯಲ್ಲಿ. ಜಗ್ಗುಗಳಿಗೆ ಮೂತಿ ಇರುವುದು ಬಾಯಿಯ ಅಂಚಿನಲ್ಲಿ. ಇದರ ಮೂತಿ ತಳದಿಂದ ಹೊರಟು ಕೊಳವೆಯಂತೆ ಮೇಲಕ್ಕೇರುತ್ತದೆ. ನಮ್ಮ ಗಿಂಡಿಯ ಮೂತಿಯನ್ನು ಇನ್ನಷ್ಟು ಕೆಳಕ್ಕಿಳಿಸಿ ಜೋಡಿಸಿದರೆ ಹೇಗಿದ್ದೀತೋ ಹಾಗೆ. ಇದಕ್ಕೆ ಗ್ರೇವಿ ಸೆಪರೇಟರ್ ಎಂದು ಹೆಸರು.

ಇದರ ಕೆಲಸ ಬಹಳ ಸರಳ. ಮಾಂಸ ಬೇಯಿಸಿದ ಬಿಸಿ ರಸವನ್ನು ಇದಕ್ಕೆ ಸುರಿದು ಐದು ನಿಮಿಷ ಸುಮ್ಮನೆ ಬಿಡಬೇಕು. ನೀರಿಗಿಂತ ಹಗುರಾದ ಕೊಬ್ಬು ಮೇಲೆ ಬಂದು ಹೊಂಬಣ್ಣದ ಪದರವಾಗಿ ನಿಲ್ಲುತ್ತದೆ. ಆಮೇಲೆ ಪಾತ್ರೆಯನ್ನು ಬಗ್ಗಿಸಿದರೆ ತಳದ ತಿಳಿರಸ ಮೂತಿಯಿಂದ ಹೊರಬರುತ್ತದೆ. ಕೊಬ್ಬಿನ ಪದರ ಇಳಿಯುತ್ತಾ ಮೂತಿಯ ಬುಡಕ್ಕೆ ಬಂದಾಗ ಬಗ್ಗಿಸುವುದನ್ನು ನಿಲ್ಲಿಸಿದರೆ ಆಯಿತು. ಜಿಡ್ಡು ಪಾತ್ರೆಯಲ್ಲೇ ಉಳಿಯುತ್ತದೆ.

ಇಷ್ಟು ಸಣ್ಣ ಪಾತ್ರೆಗೆ ಚರಿತ್ರೆ ಏನಿದ್ದೀತು ಎಂದು ಕೇಳಬಹುದು. ಪಾತ್ರೆಗಿಂತಲೂ, ಅದು ಬೇರ್ಪಡಿಸುವ ಜಿಡ್ಡಿಗೆ ದೊಡ್ಡ ಚರಿತ್ರೆಯಿದೆ. ಸಾರಿನ ಮೇಲಿನ ಕೊಬ್ಬನ್ನು ಮನುಷ್ಯ ಶತಮಾನಗಳಿಂದ ತೆಗೆಯುತ್ತಲೇ ಬಂದಿದ್ದಾನೆ. ಆದರೆ ತೆಗೆದದ್ದನ್ನು ಏನು ಮಾಡಿದ ಎಂಬುದು ಮಾತ್ರ ಕಾಲದಿಂದ ಕಾಲಕ್ಕೆ ಬದಲಾಗಿದೆ.

ಈ ಪಾತ್ರೆ ಬರುವ ಮೊದಲು ಕೆಲಸವೆಲ್ಲ ಸೌಟಿನದೇ. ಅದರಲ್ಲೂ ಎರಡು ಬಗೆ. ಮಾಂಸ ಕುದಿಯತೊಡಗಿದಾಗ ಮೊದಲು ಮೇಲೆ ಬರುವುದು ಬೂದು ಬಣ್ಣದ ನೊರೆ. ಅದು ಕೊಬ್ಬಲ್ಲ, ಶಾಖಕ್ಕೆ ಗಟ್ಟಿಯಾದ ಪ್ರೋಟೀನು. ಅದನ್ನು ತೆಗೆಯಲು ತೂತಿನ ಸೌಟು ಬೇಕು. ನಮ್ಮಲ್ಲಿ ಬೋಂಡ, ಪೂರಿ ಎತ್ತುವ ಜಾಲರಿಯಂಥದ್ದು. ನೊರೆ ಸೌಟಿನ ಮೇಲೆ ನಿಲ್ಲುತ್ತದೆ, ಸಾರು ತೂತಿನಿಂದ ಕೆಳಗಿಳಿಯುತ್ತದೆ. ಕೊಬ್ಬಿಗೆ ಈ ಉಪಾಯ ನಡೆಯದು. ಬಿಸಿ ಕೊಬ್ಬು ಎಣ್ಣೆಯಂತೆ ತೆಳುವಾದ್ದರಿಂದ ಅದೂ ತೂತಿನಲ್ಲಿ ಇಳಿದುಹೋಗುತ್ತದೆ. ಅದಕ್ಕೆ ಬೇಕಾದದ್ದು ತೂತಿಲ್ಲದ, ತಟ್ಟೆಯಂತೆ ಚಪ್ಪಟೆಯಾದ ಸೌಟು. ಅದನ್ನು ಸಾರಿನ ಮೇಲ್ಮೈಗೆ ಸಮನಾಗಿ ಹಿಡಿದು, ಅಂಚು ಒಂದಿಷ್ಟೇ ಮುಳುಗುವಂತೆ ಮಾಡಿದರೆ ಕೊಬ್ಬು ತಾನಾಗಿ ಒಳಗೆ ಹರಿಯುತ್ತದೆ. ಹೇಳಿದಷ್ಟು ಸುಲಭವಲ್ಲ. ಕೈ ಸ್ವಲ್ಪ ತಪ್ಪಿದರೂ ಕೊಬ್ಬಿನ ಜೊತೆ ಒಳ್ಳೆಯ ಸಾರೂ ಹೋಗುತ್ತದೆ.

ಉರಿಯ ಮೇಲೂ ಗಮನ ಬೇಕು. ಸಾರು ಕೊತಕೊತ ಕುದಿದರೆ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಒಡೆದು ಸಾರಿನಲ್ಲೇ ಬೆರೆತುಬಿಡುತ್ತದೆ. ಆಗ ಯಾವ ಸೌಟಿಗೂ ಸಿಗುವುದಿಲ್ಲ. ಫ್ರೆಂಚ್ ಬಾಣಸಿಗರು ಮಾಂಸದ ಸಾರನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡುವುದರ ಕಾರಣಗಳಲ್ಲಿ ಇದೂ ಒಂದು. ಅವಸರವಿಲ್ಲದವರಿಗೆ ಇನ್ನೊಂದು ದಾರಿಯಿದೆ. ಸಾರನ್ನು ರಾತ್ರಿಯಿಡೀ ತಣ್ಣಗೆ ಇಟ್ಟರೆ ಬೆಳಿಗ್ಗೆ ಕೊಬ್ಬು ಬಿಳಿ ಬಿಲ್ಲೆಯಾಗಿ ಹೆಪ್ಪುಗಟ್ಟಿರುತ್ತದೆ. ಕೈಯಿಂದಲೇ ಎತ್ತಿಡಬಹುದು. ಮಂಜುಗಡ್ಡೆ ತುಂಬಿದ ಲೋಹದ ಸೌಟನ್ನು ಸಾರಿನ ಮೇಲೆ ಆಡಿಸಿ, ತಳಕ್ಕೆ ಅಂಟಿಕೊಂಡ ಕೊಬ್ಬನ್ನು ಒರೆಸಿ ತೆಗೆಯುವುದೂ ಇದೇ ತತ್ವ.

ನಮ್ಮಲ್ಲಿ ಈ ಪಾತ್ರೆ ಬೇರೂರದಿರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಮೇಲೆ ಎಣ್ಣೆ ತೇಲಿದರೆ ಮಸಾಲೆ ಹದವಾಗಿ ಬೆಂದಿದೆ ಎಂಬುದು ನಮ್ಮ ಅಡುಗೆಯ ಲೆಕ್ಕ. ದೆಹಲಿ, ಲಖನೌ ಕಡೆಯ ನಿಹಾರಿಯಲ್ಲಿ ಮೇಲಿನ ಕೆಂಪು ಕೊಬ್ಬನ್ನು ತೆಗೆದಿಡುವುದುಂಟು, ಆದರೆ ಬಡಿಸುವಾಗ ಮತ್ತೆ ಮೇಲೆ ಸುರಿಯುವುದಕ್ಕೆ! ಮಹಾರಾಷ್ಟ್ರದಲ್ಲಿ ಮಿಸಳ್ ತಿನ್ನುವವರು ‘ಇನ್ನಷ್ಟು ತರ್ರಿ’ ಎಂದು ಕೇಳಿ ಹಾಕಿಸಿಕೊಳ್ಳುವುದೂ ಈ ತೇಲುವ ಜಿಡ್ಡನ್ನೇ.

ಯುರೋಪಿನ ಕಥೆ ಬೇರೆ. ಅಲ್ಲಿ ಜಿಡ್ಡಿನ ಪ್ರಶ್ನೆ ರುಚಿಯದಷ್ಟೇ ಅಲ್ಲ, ಧರ್ಮದ್ದೂ ಆಗಿತ್ತು. ಮಧ್ಯಯುಗದ ಕ್ಯಾಥೊಲಿಕ್ ಪಂಚಾಂಗದಲ್ಲಿ ಶುಕ್ರವಾರಗಳು, ಈಸ್ಟರಿಗೆ ಮುಂಚಿನ ನಲವತ್ತು ದಿನಗಳು ಮತ್ತು ಇನ್ನೂ ಹಲವು ದಿನಗಳಂದು ಮಾಂಸ ವರ್ಜ್ಯ. ಎಲ್ಲ ಸೇರಿದರೆ ವರ್ಷದ ಮೂರನೇ ಒಂದು ಭಾಗವನ್ನೂ ಮೀರುತ್ತಿತ್ತು. ಫ್ರೆಂಚರು ಮಾಂಸ ತಿನ್ನಬಹುದಾದ ದಿನವನ್ನು ‘ಗ್ರಾ’ ಎಂದರು, ಅಂದರೆ ಕೊಬ್ಬಿನದು. ಉಪವಾಸದ ದಿನವನ್ನು ‘ಮೇಗ್ರ್’ ಎಂದರು, ಅಂದರೆ ಬಡಕಲು. ಆಲಿವ್ ಎಣ್ಣೆ ಬೆಳೆಯುವ ದಕ್ಷಿಣದವರಿಗೆ ಇದು ಅಷ್ಟೇನೂ ಕಷ್ಟವಾಗಲಿಲ್ಲ. ಬೆಣ್ಣೆ ಮತ್ತು ಹಂದಿಯ ನೆಣವನ್ನೇ ನಂಬಿದ್ದ ಉತ್ತರದವರಿಗೆ ಕಷ್ಟವಾಯಿತು. ಹಾಗಾಗಿ ಹಣ ಕೊಟ್ಟು ಬೆಣ್ಣೆ ತಿನ್ನಲು ಅನುಮತಿ ಪಡೆಯುವ ಪದ್ಧತಿ ಬಂತು. 1491ರಲ್ಲಿ ಪೋಪ್ ಎಂಟನೇ ಇನ್ನೊಸೆಂಟ್ ಸ್ಯಾಕ್ಸನಿಗೆ ಇಂಥ ವಿನಾಯಿತಿ ನೀಡಿದ. ಫ್ರಾನ್ಸಿನ ರುವಾಂ ಪಟ್ಟಣದ ಮಹಾಚರ್ಚಿನಲ್ಲಿ, 15ನೇ ಶತಮಾನದ ಕೊನೆಯಲ್ಲಿ ಕಟ್ಟಲಾರಂಭಿಸಿದ ಒಂದು ಗೋಪುರಕ್ಕೆ ಇಂದಿಗೂ ‘ಬೆಣ್ಣೆ ಗೋಪುರ’ವೆಂದೇ ಹೆಸರು. ಬೆಣ್ಣೆಯ ಅನುಮತಿಗಾಗಿ ಭಕ್ತರು ತೆತ್ತ ಹಣದ ಪಾಲು ಅದರ ಕಲ್ಲುಗಳಲ್ಲಿದೆ.

ಉಪವಾಸದ ಈ ಎರಡು ಪದಗಳೇ ಮುಂದೆ ಊಟದ ಮೇಜಿಗೂ ಬಂದವು. ಫ್ರಾನ್ಸಿನಲ್ಲಿ ಪಿಂಗಾಣಿಯ ಒಂದು ಬಗೆಯ ಸಾಸ್ ಪಾತ್ರೆಗೆ ‘ಗ್ರಾ-ಮೇಗ್ರ್’ ಎಂದು ಹೆಸರು. ಅದಕ್ಕೆ ಎರಡು ಮೂತಿ. ಒಂದು ಬಾಯಿಯ ಅಂಚಿನಲ್ಲಿ, ಇನ್ನೊಂದು ಒಳಗೆ ತಳದವರೆಗೆ ಇಳಿದ ಕೊಳವೆಗೆ ಸೇರಿಕೊಂಡದ್ದು. ಈ ಕಡೆ ಬಗ್ಗಿಸಿದರೆ ಮೇಲಿನ ಕೊಬ್ಬು, ಆ ಕಡೆ ಬಗ್ಗಿಸಿದರೆ ಕೆಳಗಿನ ತಿಳಿರಸ. ಗೊಂದಲವಾಗದಿರಲೆಂದು ಕೆಲವು ಪಾತ್ರೆಗಳ ಮೇಲೆ ‘ಜಿ’ ಮತ್ತು ‘ಎಂ’ ಅಕ್ಷರಗಳನ್ನು ಬರೆದಿರುತ್ತಿದ್ದರು. ಕೊಬ್ಬು ತೆಗೆದ ಮಾತ್ರಕ್ಕೆ ಮಾಂಸದ ರಸ ಉಪವಾಸಕ್ಕೆ ಸಲ್ಲುತ್ತಿರಲಿಲ್ಲ. ಪದಗಳಷ್ಟೇ ಧರ್ಮದಿಂದ ಎರವಲು ಬಂದವು. ಆದರೆ ಈ ಪಾತ್ರೆಯಲ್ಲಿ ಕೊಬ್ಬು ಕಸವಲ್ಲ ಎಂಬುದನ್ನು ಗಮನಿಸಬೇಕು. ಅದಕ್ಕೂ ಒಂದು ಮೂತಿಯಿತ್ತು, ಅದನ್ನು ಇಷ್ಟಪಡುವವರು ಮೇಜಿನ ಸುತ್ತ ಕುಳಿತಿರುತ್ತಿದ್ದರು.

ಇಂಗ್ಲೆಂಡಿನಲ್ಲಿ 18ನೇ ಶತಮಾನದ ಉತ್ತರಾರ್ಧದಲ್ಲಿ ಬೆಳ್ಳಿಯ ‘ಆರ್ಗೈಲ್’ ಬಳಕೆಗೆ ಬಂತು. ಸ್ಕಾಟ್ಲೆಂಡಿನ ಆರ್ಗೈಲ್ ಡ್ಯೂಕ್ ಮನೆತನದ ಹೆಸರು ಇದಕ್ಕೆ. ಕೋಟೆಯ ಅಡುಗೆಮನೆಯಿಂದ ಊಟದ ಕೋಣೆಗೆ ಬರುವಷ್ಟರಲ್ಲಿ ಗ್ರೇವಿ ತಣ್ಣಗಾಗುತ್ತದೆ ಎಂದು ಬೇಸತ್ತ ಡ್ಯೂಕ್ ಇದನ್ನು ಮಾಡಿಸಿದ ಎಂಬ ಪ್ರತೀತಿಯಿದೆ. ಪಾತ್ರೆಯ ಒಳಗೆ ಬಿಸಿನೀರು ತುಂಬಲು ಬೇರೆ ಜಾಗ. ಮೂತಿ ಎಷ್ಟೋ ಆರ್ಗೈಲುಗಳಲ್ಲಿ ಬುಡದ ಬಳಿಯಿಂದ ಹೊರಡುತ್ತದೆ. ಗ್ರೇವಿಯನ್ನು ಬಿಸಿಯಾಗಿಡುವುದು ಉದ್ದೇಶ, ಕೊಬ್ಬು ಹಿಂದೆ ಉಳಿಯುವುದು ಜೊತೆಗೆ ಸಿಕ್ಕ ಲಾಭ.

ಆದರೆ ನಿಜವಾದ ಜಗಳ ನಡೆಯುತ್ತಿದ್ದುದು ಮೇಜಿನ ಮೇಲಲ್ಲ, ಅಡುಗೆಮನೆಯಲ್ಲಿ. ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ ಮಾಂಸ ಸುಡುವಾಗ ತೊಟ್ಟಿಕ್ಕುವ ಮತ್ತು ಸಾರಿನಿಂದ ತೆಗೆದ ಕೊಬ್ಬು ಅಡುಗೆಯವಳಿಗೆ ಸೇರಿದ್ದು ಎಂಬ ರೂಢಿಯಿತ್ತು. ಸಂಬಳದ ಮೇಲೆ ಸಿಗುವ ಮಾಮೂಲು ಅದು. ಆಕೆ ಅದನ್ನು ಹಿಂಬಾಗಿಲಲ್ಲಿ ವ್ಯಾಪಾರಿಗಳಿಗೆ ಮಾರುತ್ತಿದ್ದಳು. ಅವರಿಂದ ಅದು ಮೇಣದಬತ್ತಿ ಮತ್ತು ಸೋಪು ಮಾಡುವವರಿಗೆ ಹೋಗುತ್ತಿತ್ತು. ಹೆಸರಿಗೆ ಮೇಣ, ಬಡವರ ಮನೆಯಲ್ಲಿ ಉರಿಯುತ್ತಿದ್ದುದು ದನ-ಕುರಿಗಳ ಕೊಬ್ಬಿನ ಬತ್ತಿ. ಅಡುಗೆಯವಳು ಬೇಕೆಂದೇ ಹೆಚ್ಚು ಕೊಬ್ಬು ಇಳಿಸುತ್ತಾಳೆ, ಒಳ್ಳೆಯ ಬೆಣ್ಣೆಯನ್ನೂ ಡಬ್ಬಿಗೆ ಸೇರಿಸುತ್ತಾಳೆ ಎಂಬುದು ಯಜಮಾನಿಯರ ಗೊಣಗಾಟ. ಸಂಬಳ ಕಡಿಮೆ ಕೊಟ್ಟು ಡಬ್ಬಿಯ ಮೇಲೆ ಕಣ್ಣಿಡುವುದು ಸರಿಯೇ ಎಂಬುದು ಅಡುಗೆಯವರ ಕಡೆಯ ಪ್ರಶ್ನೆಯಾಗಿದ್ದಿರಬೇಕು. 1861ರಲ್ಲಿ ಬಂದ ಇಸಬೆಲ್ಲಾ ಬೀಟನ್ ಅವರ ಗೃಹಕೃತ್ಯದ ಪುಸ್ತಕದಲ್ಲಿ ಈ ಕೊಬ್ಬನ್ನು ಶುದ್ಧಮಾಡಿ ಮತ್ತೆ ಅಡುಗೆಗೆ ಬಳಸುವ ವಿಧಾನವಿದೆ. ಕಾರ್ಮಿಕರ ಮನೆಗಳಲ್ಲಂತೂ ಬ್ರೆಡ್ಡಿಗೆ ಈ ಕೊಬ್ಬು ಸವರಿ ಉಪ್ಪು ಉದುರಿಸಿದರೆ ಅದೇ ಒಂದು ಹೊತ್ತಿನ ಊಟ.

ವಿಜ್ಞಾನ ಈ ಜಿಡ್ಡಿನ ಬೆಲೆಯನ್ನು ಇನ್ನಷ್ಟು ಏರಿಸಿತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರೊಲ್ 1823ರಲ್ಲಿ ಪ್ರಾಣಿಗಳ ಕೊಬ್ಬಿನ ಬಗ್ಗೆ ತನ್ನ ಪ್ರಸಿದ್ಧ ಗ್ರಂಥ ಪ್ರಕಟಿಸಿದ. ಕೊಬ್ಬೆಂದರೆ ಗ್ಲಿಸರಿನ್ ಮತ್ತು ಕೆಲವು ಆಮ್ಲಗಳ ಜೋಡಣೆ ಎಂದು ಆತ ತೋರಿಸಿಕೊಟ್ಟ. ಅದರಿಂದ ವಾಸನೆಯಿಲ್ಲದ, ಗಟ್ಟಿಯಾದ ಹೊಸ ಮೇಣದಬತ್ತಿ ಬಂತು. 1869ರಲ್ಲಿ ಇಪ್ಪೊಲಿಟ್ ಮೇಜ್-ಮೂರಿಯೆ ದನದ ಕೊಬ್ಬಿನಿಂದ ಮಾರ್ಗರೀನ್ ತಯಾರಿಸಿದ. 1847ರಷ್ಟು ಹಿಂದೆಯೇ ಇಟಲಿಯ ಅಸ್ಕಾನಿಯೊ ಸೊಬ್ರೆರೊ ಗ್ಲಿಸರಿನ್‌ನಿಂದ ನೈಟ್ರೊಗ್ಲಿಸರಿನ್ ಎಂಬ ಭಯಂಕರ ಸ್ಫೋಟಕವನ್ನು ಮಾಡಿದ್ದ. ಆಲ್‌ಫ್ರೆಡ್ ನೊಬೆಲ್ 1867ರಲ್ಲಿ ಅದನ್ನೇ ಪಳಗಿಸಿ ಡೈನಮೈಟ್ ಎಂದು ಹೆಸರಿಟ್ಟ.

ಹೀಗೆ ಸಾರಿನ ಜಿಡ್ಡಿಗೂ ಫಿರಂಗಿಗೂ ನಂಟು ಬೆಳೆಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಫಿಲಿಪ್ಪೀನ್ಸ್ ಮತ್ತು ಈಸ್ಟ್ ಇಂಡೀಸ್ ದ್ವೀಪಗಳನ್ನು ಹಿಡಿದಾಗ ಅಮೆರಿಕಕ್ಕೆ ಅಲ್ಲಿಂದ ಬರುತ್ತಿದ್ದ ಕೊಬ್ಬರಿ ಎಣ್ಣೆ, ತಾಳೆ ಎಣ್ಣೆ ನಿಂತುಹೋಯಿತು. 1942ರಲ್ಲಿ ಸರ್ಕಾರ ಗೃಹಿಣಿಯರ ಮೊರೆಹೋಯಿತು. ಬಾಣಲೆಯಲ್ಲಿ, ಸಾರಿನ ಮೇಲೆ ಉಳಿದ ಕೊಬ್ಬನ್ನು ಚೆಲ್ಲಬೇಡಿ, ಸೋಸಿ ಡಬ್ಬಿಗೆ ತುಂಬಿ ಮಾಂಸದಂಗಡಿಗೆ ತಲುಪಿಸಿ ಎಂದಿತು. ಪೌಂಡಿಗೆ ನಾಲ್ಕು ಸೆಂಟ್‌ನಷ್ಟು ಹಣ ಸಿಗುತ್ತಿತ್ತು. ಮುಂದೆ ಹಣದ ಜೊತೆಗೆ ರೇಷನ್ ಪಾಯಿಂಟುಗಳೂ ಬಂದವು. ವಾಲ್ಟ್ ಡಿಸ್ನಿ ಸಂಸ್ಥೆ ಇದಕ್ಕೆಂದೇ ಮಿನ್ನಿ ಮೌಸ್ ಮತ್ತು ಪ್ಲೂಟೊ ನಾಯಿಯ ಕಿರುಚಿತ್ರ ತಯಾರಿಸಿತು. ನಾಯಿಗೆ ಹಾಕಲು ಹೊರಟಿದ್ದ ಕೊಬ್ಬನ್ನು ಮಿನ್ನಿ ದೇಶಕ್ಕಾಗಿ ಉಳಿಸುತ್ತಾಳೆ.

ಲೆಕ್ಕ ಹಾಕಿದರೆ ಇದೇನೂ ದೊಡ್ಡ ಮೊತ್ತವಲ್ಲ. ನೂರು ಗ್ರಾಂ ಕೊಬ್ಬಿನಲ್ಲಿ ಸಿಗುವ ಗ್ಲಿಸರಿನ್ ಸುಮಾರು ಹತ್ತು ಗ್ರಾಂ. ಅದರಿಂದ ಹೆಚ್ಚೆಂದರೆ ಇಪ್ಪತ್ತೈದು ಗ್ರಾಂ ನೈಟ್ರೊಗ್ಲಿಸರಿನ್ ಆದೀತು. ಆದರೂ ಅಡುಗೆಮನೆಯ ಸೌಟಿಗೆ ಇಷ್ಟೊಂದು ಗೌರವ ಹಿಂದೆಂದೂ ಸಿಕ್ಕಿರಲಿಲ್ಲ. ಬ್ರಿಟನ್ನಿನಲ್ಲಿ 1940ರಲ್ಲಿ ಆರಂಭವಾದ ಪಡಿತರ ಪೂರ್ತಿ ಮುಗಿದದ್ದು 1954ರಲ್ಲಿ. ಅಲ್ಲಿಯವರೆಗೆ ಅಲ್ಲಿನ ಮನೆಗಳಲ್ಲಿ ಒಂದು ಚಮಚ ಕೊಬ್ಬನ್ನೂ ಎಸೆಯುವ ಧೈರ್ಯ ಯಾರಿಗಿದ್ದೀತು?

ಮರುವರ್ಷವೇ ಗಾಳಿ ತಿರುಗತೊಡಗಿತು. 1955ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಅವರ ಊಟದಲ್ಲಿ ಕೊಬ್ಬು ಕಡಿಮೆ ಮಾಡಿದ ಸುದ್ದಿ ದೇಶದ ಮನೆಮನೆಯ ಮಾತಾಯಿತು. ಆಹಾರದ ಕೊಬ್ಬಿಗೂ ಹೃದಯದ ಕಾಯಿಲೆಗೂ ಸಂಬಂಧವಿದೆ ಎನ್ನುತ್ತಿದ್ದ ಆನ್ಸೆಲ್ ಕೀಸ್ 1958ರಲ್ಲಿ ಏಳು ದೇಶಗಳ ಅಧ್ಯಯನ ಆರಂಭಿಸಿದರು. 1961ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪ್ರಾಣಿಜನ್ಯ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬಳಸುವಂತೆ ಸಲಹೆಯಿತ್ತಿತು. 1977ರಲ್ಲಿ ಸೆನೆಟ್ ಸಮಿತಿಯೊಂದು ಇಡೀ ದೇಶಕ್ಕೇ ಕೊಬ್ಬು ಇಳಿಸುವ ಗುರಿ ಹಾಕಿಕೊಟ್ಟಿತು. ತಳದಿಂದ ಮೂತಿ ಹೊರಡುವ ಪಾತ್ರೆಗೆ ಹೊಸ ಅರ್ಥ ಬಂದದ್ದು ಈ ಕಾಲದಲ್ಲಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಯ ಗ್ರೇವಿಗೆ ಅದು ಬೇಕೇಬೇಕೆನಿಸಿತು. ಪ್ಲಾಸ್ಟಿಕ್ ಎಳೆಗಳ ಕುಂಚವೊಂದು ಕೂಡ ಪೇಟೆಗೆ ಬಂತು. ಸಾರಿನ ಮೇಲೆ ಆಡಿಸಿದರೆ ಎಳೆಗಳಿಗೆ ನೀರು ಹತ್ತದೆ ಜಿಡ್ಡು ಮಾತ್ರ ಹತ್ತುತ್ತದೆ. ಹಳೆಯ ಗ್ರಾ-ಮೇಗ್ರ್‌ಗೆ ಇದ್ದ ಎರಡನೇ ಮೂತಿ ಮಾತ್ರ ಹೊಸ ಪಾತ್ರೆಯಲ್ಲಿ ಇಲ್ಲ. ಕೊಬ್ಬನ್ನು ಕೇಳಿ ಹಾಕಿಸಿಕೊಳ್ಳುವವರು ಮೇಜಿನ ಸುತ್ತ ಉಳಿದಿರಲಿಲ್ಲ.

ಸಾರಿನ ಕೊಬ್ಬನ್ನು ಹೀಗೆ ಎಸೆದವರೇ ಬ್ರೆಡ್ಡಿಗೆ ಗಟ್ಟಿ ಮಾರ್ಗರೀನ್ ಸವರಿಕೊಂಡರು ಎಂಬುದು ಬೇರೆ ಮಾತು. ಸಸ್ಯಜನ್ಯ ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಇನ್ನೂ ಕೆಟ್ಟದ್ದು ಎಂಬ ಗಟ್ಟಿ ಸಾಕ್ಷ್ಯ 1990ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರಿಂದ ಬಂತು. ಅಮೆರಿಕದ 2015–2020ರ ಆಹಾರ ಮಾರ್ಗಸೂಚಿಯಲ್ಲಿ ಕೊಲೆಸ್ಟರಾಲ್‌ಗೆ ದಿನಕ್ಕೆ 300 ಮಿಲಿಗ್ರಾಂ ಎಂಬ ಹಳೆಯ ಮಿತಿ ಕಾಣಿಸಲಿಲ್ಲ. ಸಾರಿನ ಮೇಲೆ ಹೆಪ್ಪುಗಟ್ಟುವಂಥ ಸಂತೃಪ್ತ ಕೊಬ್ಬಿಗೆ ಮಾತ್ರ ಒಟ್ಟು ಕ್ಯಾಲೊರಿಯ ಶೇ 10ರ ಮಿತಿ ಅದರಲ್ಲೂ ಉಳಿಯಿತು. ಪಾತ್ರೆಗೆ ಕೆಲಸ ತಪ್ಪಲಿಲ್ಲ.

ಹಾಗಾದರೆ ಬೇರ್ಪಡಿಸಿದ ಕೊಬ್ಬು ಈಗ ಎಲ್ಲಿಗೆ ಹೋಗುತ್ತದೆ? ಬಹಳಷ್ಟು ಸಲ ಪಾತ್ರೆ ತೊಳೆಯುವ ತೊಟ್ಟಿಯ ತೂತಿಗೆ. ಬಿಸಿಯಿದ್ದಾಗ ಸಲೀಸಾಗಿ ಇಳಿಯುತ್ತದೆ, ಭೂಮಿಯೊಳಗಿನ ಕೊಳವೆಯಲ್ಲಿ ತಣ್ಣಗಾಗುತ್ತದೆ. ಅಲ್ಲಿ ಅದರ ಆಮ್ಲಗಳು ಕ್ಯಾಲ್ಸಿಯಂ ಜೊತೆ ಕೂಡಿ ಗಟ್ಟಿಯಾದ, ಸೋಪಿನಂಥ ವಸ್ತುವಾಗುತ್ತವೆ. ಹಿಂದೆ ಸೋಪಿನವರು ಹಂಡೆಯಲ್ಲಿ ಮಾಡುತ್ತಿದ್ದುದಕ್ಕೆ ಹತ್ತಿರದ ಕ್ರಿಯೆ ಚರಂಡಿಯಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಕೆಳಗೆ ಇಂಥದೊಂದು ಗಡ್ಡೆ ಪತ್ತೆಯಾಯಿತು. ಉದ್ದ ಸುಮಾರು 250 ಮೀಟರ್, ತೂಕ 130 ಟನ್. ಕೆಲಸಗಾರರು ವಾರಗಟ್ಟಲೆ ನೀರಿನ ರಭಸದಿಂದಲೂ ಸಲಿಕೆಯಿಂದಲೂ ಅದನ್ನು ಒಡೆದು ತೆಗೆದರು. ಒಂದಷ್ಟು ಭಾಗವನ್ನು ಬಯೊಡೀಸೆಲ್ ಮಾಡಲು ಕಳಿಸಲಾಯಿತು. ಒಣಗಿಸಿದ ಒಂದು ತುಣುಕನ್ನು ಮ್ಯೂಸಿಯಂ ಆಫ್ ಲಂಡನ್ 2018ರಲ್ಲಿ ಭದ್ರವಾದ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶಿಸಿತು. ನೋಡಲು ಜನ ಬಂದರು. ಪ್ರದರ್ಶನ ನಡೆಯುತ್ತಿದ್ದಾಗಲೇ ಪೆಟ್ಟಿಗೆಯೊಳಗೆ ನೊಣಗಳು ಮೊಟ್ಟೆಯೊಡೆದು ಹಾರತೊಡಗಿದವು.