ಎಣ್ಣೆ ಹೊಡೆಯುವ ಇಂಜಿನ್

‘ಎಣ್ಣೆ ಹೊಡೆಯೋದು’ ಅಂದ್ರೆ ಏನು ಅಂತ ಬೆಂಗಳೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಾರಿನ ಇಂಜಿನ್‌ಗೂ ಈ ಚಟ ಹತ್ತುತ್ತೆ. ಮಜಾ ಏನಂದ್ರೆ, ಒಂದು ಕಾಲದಲ್ಲಿ ಇದು ಚಟವೇ ಆಗಿರಲಿಲ್ಲ, ಊಟವಾಗಿತ್ತು.

ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮೆಲ್‌ನಂಥ ವಿಮಾನಗಳನ್ನು ನೋಡಿ. ಅವುಗಳಲ್ಲಿದ್ದದ್ದು ರೋಟರಿ ಇಂಜಿನ್. ಕ್ರ್ಯಾಂಕ್‌ಶಾಫ್ಟ್ ನಿಂತಲ್ಲೇ ನಿಂತಿರುತ್ತಿತ್ತು, ಸಿಲಿಂಡರುಗಳೇ ಪ್ರೊಪೆಲ್ಲರ್ ಜೊತೆ ಗಿರಗಿರ ತಿರುಗುತ್ತಿದ್ದವು. ಪೆಟ್ರೋಲ್ ಮತ್ತು ಗಾಳಿ ಕ್ರ್ಯಾಂಕ್‌ಕೇಸ್ ಮೂಲಕವೇ ಹಾದುಹೋಗಬೇಕಿದ್ದರಿಂದ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಎಣ್ಣೆ ಬೇಕಿತ್ತು. ಯಾವ ಎಣ್ಣೆ ಗೊತ್ತಾ? ಅಜ್ಜಿಯರು ಮೂಗು ಹಿಡಿದು ಮಕ್ಕಳ ಬಾಯಿಗೆ ಹುಯ್ಯುತ್ತಿದ್ದ ಅದೇ ಹರಳೆಣ್ಣೆ! ಅದು ಇಂಜಿನ್ ಒಳಗೆ ಒಂದು ಸುತ್ತು ಹಾಕಿ ಸೀದಾ ಹೊರಗೆ ಹೋಗಿಬಿಡುತ್ತಿತ್ತು, ವಾಪಸ್ ಬರುವ ಏರ್ಪಾಡೇ ಇರಲಿಲ್ಲ. ಹಿಂದೆ ಕೂತ ಪೈಲಟ್ ಮುಖಕ್ಕೆಲ್ಲ ಅದರ ಪ್ರೋಕ್ಷಣೆ. ಅವರ ಹೊಟ್ಟೆಯ ಕಥೆ ನೀವೇ ಊಹಿಸಿಕೊಳ್ಳಿ. ಕ್ಯಾಸ್ಟ್ರಾಲ್ ಅನ್ನೋ ಬ್ರ್ಯಾಂಡ್ 1909ರಲ್ಲಿ ಹೆಸರು ಪಡೆದದ್ದೂ ಹರಳೆಣ್ಣೆಯಿಂದಲೇ, ಅಂದರೆ ಕ್ಯಾಸ್ಟರ್ ಆಯಿಲ್‌ನಿಂದ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಟು-ಸ್ಟ್ರೋಕ್ ಬೈಕುಗಳದ್ದೂ ಇದೇ ಜಾತಿ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು, ಅದು ಉರಿದು ಹೊಗೆಯಾಗಲೇಬೇಕು. ಯಾರೂ ಅದನ್ನು ಕಾಯಿಲೆ ಅನ್ನಲಿಲ್ಲ.

ಕಾಯಿಲೆ ಅನ್ನಿಸಿಕೊಂಡದ್ದು, ಎಣ್ಣೆಯನ್ನು ಕೆಳಗಿನ ಸಂಪಿನಲ್ಲಿ ತುಂಬಿಟ್ಟು ಮತ್ತೆ ಮತ್ತೆ ಬಳಸುವ ಇಂಜಿನ್‌ಗಳು ಬಂದ ಮೇಲೆ. ಇಲ್ಲಿ ಕಾವಲು ಕಾಯೋದು ಪಿಸ್ಟನ್ ರಿಂಗ್. ಅದು ಕಾರಿಗಿಂತ ಹಳೆಯದು. ಸ್ಟೀಮ್ ಇಂಜಿನ್‌ಗಳಲ್ಲಿ ಪಿಸ್ಟನ್ ಸುತ್ತ ನಾರಿನ ಹುರಿ ಬಿಗಿಯುತ್ತಿದ್ದ ಕಾಲದಲ್ಲಿ, 1852ರಲ್ಲಿ, ಇಂಗ್ಲೆಂಡಿನ ರೈಲ್ವೆ ಇಂಜಿನಿಯರ್ ಜಾನ್ ರ‍್ಯಾಮ್ಸ್‌ಬಾಟಮ್ ಒಂದು ಸರಳ ಉಪಾಯ ಮಾಡಿದ. ಸಿಲಿಂಡರಿಗಿಂತ ಚೂರು ದೊಡ್ಡದಾದ ಲೋಹದ ಬಳೆ, ಒಂದು ಕಡೆ ಕತ್ತರಿಸಿದ್ದು. ಅದುಮಿ ಒಳಗೆ ಕೂರಿಸಿದರೆ ತನ್ನ ಸ್ಪ್ರಿಂಗ್ ಗುಣದಿಂದ ತಾನೇ ಗೋಡೆಗೆ ಒತ್ತಿಕೊಳ್ಳುತ್ತೆ. ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಇಂಥವು ಮೂರು. ಎಲ್ಲಕ್ಕಿಂತ ಕೆಳಗಿನದು ಗೋಡೆಯ ಮೇಲಿನ ಎಣ್ಣೆಯನ್ನು ಕೆರೆದು ಕೆಳಕ್ಕೆ ಕಳಿಸುತ್ತೆ.

ಈ ಇತಿಹಾಸವೆಲ್ಲ ಆ ಬಳೆ ಎಷ್ಟು ಬಿಗಿಯಾಗಿ ಒತ್ತಬೇಕು ಅನ್ನೋ ಚೌಕಾಸಿ. ಬಿಗಿಯಾದರೆ ಎಣ್ಣೆ ಉಳಿಯುತ್ತೆ, ಆದರೆ ಘರ್ಷಣೆ ಜಾಸ್ತಿಯಾಗಿ ಮೈಲೇಜ್ ಬೀಳುತ್ತೆ. ಸಡಿಲವಾದರೆ ಮೈಲೇಜ್ ಏರುತ್ತೆ, ಎಣ್ಣೆ ಜಾರುತ್ತೆ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಸವೆದ ಇಂಜಿನ್ ನೀಲಿ ಹೊಗೆ ಬಿಡತೊಡಗಿದರೆ ‘ಬೋರ್ ಮಾಡಿಸಿ’ ಅನ್ನುತ್ತಿದ್ದರು. ಸಿಲಿಂಡರ್ ಕೊರೆದು, ದೊಡ್ಡ ಸೈಜಿನ ಪಿಸ್ಟನ್ನು, ರಿಂಗು ಕೂರಿಸಿದರೆ ಇಂಜಿನ್‌ಗೆ ಇನ್ನೊಂದು ಜನ್ಮ. ಆಮೇಲೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾಯಿತು (ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ, ಬಿಡಿ). ಆಯಿಲ್‌ನಲ್ಲಿರುವ ರಂಜಕ ಈ ಕನ್ವರ್ಟರಿಗೆ ವಿಷ. ಹಾಗಾಗಿ ಎಣ್ಣೆ ಉರಿಯೋದು ಜೇಬಿನ ಜೊತೆಗೆ ಊರಿನ ಗಾಳಿಯ ಪ್ರಶ್ನೆಯೂ ಆಯಿತು.

ಅಷ್ಟಾದರೂ ಮೈಲೇಜಿನ ಹಟ ಬಿಡಲಿಲ್ಲ. ತೆಳು ಆಯಿಲ್, ಸಡಿಲ ರಿಂಗು. ಅಮೆರಿಕದಲ್ಲಿ 2007ರ ನಂತರದ ಕೆಲವು ವರ್ಷಗಳ ಟೊಯೋಟಾ ಕ್ಯಾಮ್ರಿಯ 2.4 ಲೀಟರ್ ಇಂಜಿನ್ ಎಣ್ಣೆ ಕುಡಿಯುತ್ತೆ ಅಂತ ದೂರುಗಳ ಮೇಲೆ ದೂರು ಬಂದವು. ಕಂಪನಿ ಕೊನೆಗೆ ವಾರಂಟಿ ವಿಸ್ತರಿಸಿ, ಪಿಸ್ಟನ್ನು, ರಿಂಗು ಬದಲಿಸಿಕೊಟ್ಟಿತು. ಆದರೆ ಒಂದು ಷರತ್ತು: ಡೀಲರ್ ಅಳೆದು ನೋಡಿದಾಗ 1,200 ಮೈಲಿಯೊಳಗೆ ಒಂದು ಕ್ವಾರ್ಟ್ ಖರ್ಚಾಗಿರಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 1,930 ಕಿಲೋಮೀಟರಿಗೆ 950 ಮಿಲಿಲೀಟರ್. ಅದಕ್ಕಿಂತ ಸ್ವಲ್ಪ ಕಮ್ಮಿ ಕುಡಿದರೆ? ‘ನಾರ್ಮಲ್’. ನನಗೆ ಸಿಟ್ಟು ಬರೋದು ಇಲ್ಲೇ. ಮೈಲೇಜಿನ ಲಾಭ ಜಾಹೀರಾತಿಗೆ, ಎಣ್ಣೆಯ ಖರ್ಚು ನಮ್ಮ ತಲೆಗೆ, ನಾರ್ಮಲ್ ಯಾವುದು ಅನ್ನೋ ಗೆರೆ ಮಾತ್ರ ಅವರ ಕೈಯಲ್ಲಿ.

ನನ್ನ ಸೆಕೆಂಡ್ ಹ್ಯಾಂಡ್ ಕಾರಿಗೂ ಒಂದು ಸರ್ವಿಸ್ ಸೆಂಟರಿನಲ್ಲಿ ‘ನಾರ್ಮಲ್ ಸಾರ್’ ಅಂದರು. ಆಮೇಲೆ ಪರಿಚಯದ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. “ಸಾರ್, ಮೊದ್ಲು ಅಳೀರಿ. ಸಾವಿರ ಕಿಲೋಮೀಟರ್ ಆದ್ಮೇಲೆ ಬನ್ನಿ, ಮಾತಾಡಣ” ಅಂದರು. ಸಮತಟ್ಟಾದ ಜಾಗದಲ್ಲಿ, ಇಂಜಿನ್ ತಣ್ಣಗಿರುವಾಗ ಮೇಲಿನ ಗೆರೆಯವರೆಗೆ ಆಯಿಲ್ ತುಂಬಿಸಿ, ಡಿಪ್‌ಸ್ಟಿಕ್ಕು, ಓಡೋಮೀಟರು ಎರಡರದ್ದೂ ಫೋಟೊ ತೆಗೆದೆ. ಬಹುತೇಕ ಕಾರುಗಳಲ್ಲಿ ಎರಡು ಗೆರೆಗಳ ನಡುವೆ ಹೆಚ್ಚುಕಮ್ಮಿ ಒಂದು ಲೀಟರ್ ಹಿಡಿಯುತ್ತೆ.

ಮತ್ತೆ ಹೋದಾಗ ಅವರು ಸೀದಾ ಇಂಜಿನ್ ಬಿಚ್ಚಲಿಲ್ಲ. ಮೊದಲು ಕೆಳಗೆ ಬಗ್ಗಿ ಎಲ್ಲಾದರೂ ಸೋರಿದೆಯಾ ಅಂತ ನೋಡಿದರು. ಆಮೇಲೆ ಹೊಗೆಯ ವಿಚಾರಣೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ, ಇಲ್ಲವೇ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಏರಿನಲ್ಲಿ ಜೋರಾಗಿ ಒತ್ತಿದಾಗ ಬಂದರೆ ರಿಂಗಿನ ಮೇಲೆ. ಅದನ್ನು ಖಚಿತ ಮಾಡಿಕೊಳ್ಳಲು ಕಂಪ್ರೆಷನ್ ಟೆಸ್ಟ್: ಸ್ಪಾರ್ಕ್ ಪ್ಲಗ್ ತೆಗೆದು ಒತ್ತಡ ಅಳೆಯೋದು, ಅದೇ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯೋದು. ಒತ್ತಡ ಚೆನ್ನಾಗಿ ಏರಿದರೆ ರಿಂಗು ಸವೆದಿದೆ ಅಂತ ಲೆಕ್ಕ, ಯಾಕಂದ್ರೆ ಸಂದಿಯನ್ನು ಆ ಎಣ್ಣೆ ಮುಚ್ಚಿತು.

ನನ್ನ ಕಾರಿನಲ್ಲಿ ಒತ್ತಡ ಏರಲಿಲ್ಲ. ಕೈಕೊಟ್ಟದ್ದು ಪಿಸಿವಿ ವಾಲ್ವ್. ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಬೀದಿಗೆ ಬಿಡದೆ ಮತ್ತೆ ಇಂಜಿನ್‌ಗೇ ಉರಿಯಲು ಕಳಿಸುವ ಸಣ್ಣ ಕವಾಟ. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹೊಗೆಮಂಜಿನ ವಿರುದ್ಧ ಹೊಸ ಕಾರುಗಳಿಗೆ ಹಾಕಿದ್ದು. ಅದು ಕೆಟ್ಟರೆ ಹೊಗೆಯ ಜೊತೆ ಎಣ್ಣೆಯೂ ಮೇಲೆ ಹೋಗುತ್ತೆ. ಅದನ್ನು ಬದಲಿಸೋಕೆ ಹಿಡಿದದ್ದು ಅರ್ಧ ಗಂಟೆ. ಮುಂದಿನ ಸಾವಿರ ಕಿಲೋಮೀಟರಿನ ಫೋಟೊದಲ್ಲಿ ಎಣ್ಣೆ ಮೇಲಿನ ಗೆರೆಯಿಂದ ಕೂದಲೆಳೆಯಷ್ಟು ಕೆಳಗಿತ್ತು.