ನೆರವಿನಿಂದ ದುಡಿಮೆಗೆ: ಅಮೆರಿಕದ ಬಡ ಕುಟುಂಬಗಳ ದಾರಿ ಮತ್ತು ಅದರ ಲೆಕ್ಕ

‘ವೆಲ್‌ಫೇರ್’ ಎಂಬ ಪದವನ್ನು ಅಮೆರಿಕದಲ್ಲಿ ಯಾರಾದರೂ ಉಚ್ಚರಿಸಿದರೆ ಅದರ ಹಿಂದೆ ಒಂದು ಆಪಾದನೆಯ ಧ್ವನಿ ಇದ್ದೇ ಇರುತ್ತದೆ. ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದಾಗ, ಜನ ಸೋಮಾರಿಗಳಾಗುತ್ತಾರೆ ಎಂಬ ಟೀಕೆ ಕೇಳಿಬಂದದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ನಮ್ಮದೇ. ಆದರೆ ನೆರವು ಪಡೆಯುವ ತಾಯಿಗೆ ದುಡಿಯುವ ಮನಸ್ಸಿದೆಯೇ ಎಂದು ಕೇಳುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಬೇಕೆಂದು ನನಗೆ ತೋರುತ್ತದೆ: ಒಂದು ಗಂಟೆ ಹೆಚ್ಚು ದುಡಿದರೆ ಆಕೆಯ ಕೈಯಲ್ಲಿ ಕೊನೆಗೆ ಎಷ್ಟು ಉಳಿಯುತ್ತದೆ? ಅಮೆರಿಕದ ಅನುಭವವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ: 1935ರಿಂದ 1996ರವರೆಗೆ

ಬಡ ಮಕ್ಕಳಿರುವ ಕುಟುಂಬಗಳಿಗೆ ಒಕ್ಕೂಟ ಸರ್ಕಾರದ ನಗದು ನೆರವು 1935ರ ಸಾಮಾಜಿಕ ಭದ್ರತಾ ಕಾಯಿದೆಯೊಂದಿಗೆ ಆರಂಭವಾಯಿತು. ಮುಂದೆ ಎಎಫ್‌ಡಿಸಿ ಎಂದು ಹೆಸರಾದ ಈ ಯೋಜನೆ ಹುಟ್ಟಿದ್ದು, ಗಂಡನನ್ನು ಕಳೆದುಕೊಂಡ ತಾಯಿ ಮನೆಯಲ್ಲಿದ್ದು ಮಕ್ಕಳನ್ನು ಸಾಕಲಿ ಎಂಬ ಆಶಯದಿಂದ. ಕಾಲಕ್ರಮೇಣ ಮಧ್ಯಮವರ್ಗದ ತಾಯಂದಿರೇ ಕೆಲಸಕ್ಕೆ ಹೊರಟಾಗ, ಬಡ ತಾಯಿ ಮಾತ್ರ ಮನೆಯಲ್ಲಿರುವುದೇಕೆ ಎಂಬ ಪ್ರಶ್ನೆ ಎದ್ದಿತು. 1967ರ ತಿದ್ದುಪಡಿಯು ಗಳಿಕೆಯ ಮೊದಲ 30 ಡಾಲರ್ ಹಾಗೂ ಉಳಿದದ್ದರಲ್ಲಿ ಮೂರನೆಯ ಒಂದು ಭಾಗವನ್ನು ಲೆಕ್ಕಕ್ಕೆ ಹಿಡಿಯದೆ ನೆರವು ನೀಡುವ ನಿಯಮವನ್ನು ತಂದಿತು. ರೇಗನ್ ಆಡಳಿತದ ಕಾಲದಲ್ಲಿ, 1981ರಲ್ಲಿ, ಈ ರಿಯಾಯಿತಿಯನ್ನು ನಾಲ್ಕು ತಿಂಗಳಿಗೆ ಸೀಮಿತಗೊಳಿಸಲಾಯಿತು. ಆ ಬಳಿಕ ಗಳಿಸಿದ ಪ್ರತಿ ಡಾಲರಿಗೆ ಹೆಚ್ಚುಕಡಿಮೆ ಒಂದು ಡಾಲರ್ ನೆರವು ಕಡಿತವಾಗುತ್ತಿತ್ತು. ಕೆಲಸಕ್ಕೆ ಹೋದವಳಿಗೆ ಉಳಿಯುತ್ತಿದ್ದದ್ದು ಬಸ್ ಖರ್ಚು ಮತ್ತು ದಣಿವು.

1996ರ ಆಗಸ್ಟ್ 22ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾನೂನು ಎಎಫ್‌ಡಿಸಿಯನ್ನು ರದ್ದುಪಡಿಸಿ ‘ಟ್ಯಾನ್ಫ್’ ಎಂಬ ಯೋಜನೆಯನ್ನು ತಂದಿತು. ಒಕ್ಕೂಟದ ಹಣದಿಂದ ಜೀವಮಾನದಲ್ಲಿ ಸಾಮಾನ್ಯವಾಗಿ 60 ತಿಂಗಳಷ್ಟೇ ನೆರವು. ವಾರಕ್ಕೆ ಸರಾಸರಿ 30 ಗಂಟೆ, ಆರು ವರ್ಷಕ್ಕಿಂತ ಚಿಕ್ಕ ಮಗುವಿರುವ ಒಂಟಿ ಪೋಷಕರಿಗೆ 20 ಗಂಟೆ, ಕೆಲಸ ಇಲ್ಲವೇ ಕೆಲಸಕ್ಕೆ ಸಂಬಂಧಿಸಿದ ಚಟುವಟಿಕೆ. ರಾಜ್ಯಗಳಿಗೆ ಒಟ್ಟಾರೆ ವರ್ಷಕ್ಕೆ ಸುಮಾರು 16.5 ಶತಕೋಟಿ ಡಾಲರಿನ ಇಡಿಗಂಟು ಅನುದಾನ ನಿಗದಿಯಾಯಿತು. ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಹೆಚ್ಚಿಸುವ ಏರ್ಪಾಡು ಇಲ್ಲದ್ದರಿಂದ ಅದರ ನಿಜಮೌಲ್ಯ ಕರಗುತ್ತ ಬಂದಿದೆ.

ಫಲ ಮಿಶ್ರವಾಗಿತ್ತು. 1990ರ ದಶಕದ ಕೊನೆಯಲ್ಲಿ ಒಂಟಿ ತಾಯಂದಿರ ಉದ್ಯೋಗ ಪ್ರಮಾಣ ಗಮನಾರ್ಹವಾಗಿ ಏರಿತು. ಇದರಲ್ಲಿ ಕಾನೂನಿನ ಜೊತೆಗೆ ಅಂದಿನ ಆರ್ಥಿಕ ಏಳಿಗೆಗೂ, 1993ರಲ್ಲಿ ವಿಸ್ತರಿಸಿದ ತೆರಿಗೆ ನೆರವಿಗೂ ದೊಡ್ಡ ಪಾಲಿದೆ. ಇನ್ನೊಂದೆಡೆ, 1996ರಲ್ಲಿ ಬಡತನದಲ್ಲಿದ್ದ ಪ್ರತಿ 100 ಮಕ್ಕಳಿರುವ ಕುಟುಂಬಗಳಿಗೆ 68 ಕುಟುಂಬಗಳ ಮಟ್ಟಿಗೆ ತಲುಪುತ್ತಿದ್ದ ನಗದು ನೆರವು, 2020ರ ಹೊತ್ತಿಗೆ ಸುಮಾರು 21ಕ್ಕೆ ಇಳಿದಿತ್ತು. ಮಿಸಿಸಿಪಿಯಲ್ಲಿ ಮೂವರ ಕುಟುಂಬಕ್ಕೆ ತಿಂಗಳಿಗೆ ಸಿಗುತ್ತಿದ್ದ ಗರಿಷ್ಠ ಮೊತ್ತ 170 ಡಾಲರ್. 2021ರಲ್ಲಿ ಅದು 260ಕ್ಕೆ ಏರಿತು.

ದುಡಿದ ನೂರು ಡಾಲರ್

ಇಂದು ಬಡ ದುಡಿಮೆಗಾರರಿಗೆ ಹೆಚ್ಚು ಆಸರೆಯಾಗಿರುವುದು ಟ್ಯಾನ್ಫ್‌ಗಿಂತ ಇಐಟಿಸಿ ಎಂಬ ತೆರಿಗೆ ನೆರವು. 1975ರಲ್ಲಿ ಆರಂಭವಾದ ಇದು ದುಡಿದವರಿಗೆ ಮಾತ್ರ ಸಿಗುತ್ತದೆ. ಕಟ್ಟಬೇಕಾದ ತೆರಿಗೆಗಿಂತ ನೆರವು ಹೆಚ್ಚಿದ್ದರೆ ವ್ಯತ್ಯಾಸವನ್ನು ಸರ್ಕಾರವೇ ಕೊಡುತ್ತದೆ. ಎರಡು ಮಕ್ಕಳಿರುವ ತಾಯಿಗೆ ಗಳಿಕೆಯ ಮೊದಲ ಹಂತದಲ್ಲಿ ಪ್ರತಿ ಡಾಲರಿಗೆ 40 ಸೆಂಟ್ ಸೇರುತ್ತ ಹೋಗುತ್ತದೆ. 2024ರ ಗಳಿಕೆಗೆ ಗರಿಷ್ಠ ಮೊತ್ತ 6,960 ಡಾಲರ್.

ಆದರೆ ಒಂದು ಮಟ್ಟ ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. ಅದೇ ತಾಯಿ ನೂರು ಡಾಲರ್ ಹೆಚ್ಚು ಗಳಿಸಿದಳೆಂದುಕೊಳ್ಳೋಣ. ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ತೆರಿಗೆಗೆ 7.65 ಡಾಲರ್ ಹೋಯಿತು. ಇಐಟಿಸಿಯಲ್ಲಿ ಸುಮಾರು 21 ಡಾಲರ್ ಕಡಿಮೆಯಾಗುತ್ತದೆ; ಇದು ಮುಂದಿನ ವರ್ಷದ ಮರುಪಾವತಿಯಲ್ಲಿ ಕಾಣಿಸುತ್ತದೆ. ಆಹಾರ ನೆರವಾದ ಸ್ನ್ಯಾಪ್‌ನಲ್ಲಿ ಗಳಿಕೆಯ ಐದನೆಯ ಒಂದು ಭಾಗ ಬಿಟ್ಟು ಉಳಿದ 80 ಡಾಲರಿನ ಮೇಲೆ ಶೇ. 30, ಅಂದರೆ ಕನಿಷ್ಠ 24 ಡಾಲರ್ ಕಡಿತ. ಬಾಡಿಗೆ ಸಹಾಯಧನದ ಮನೆಯಲ್ಲಿದ್ದರೆ ಬಾಡಿಗೆ ಸುಮಾರು 30 ಡಾಲರ್ ಏರುತ್ತದೆ. ಕೂಡಿಸಿ ನೋಡಿದರೆ ನೂರರಲ್ಲಿ 20 ಡಾಲರೂ ಉಳಿಯದು. ಪ್ರತಿಯೊಂದು ಯೋಜನೆಯೂ ತನ್ನಷ್ಟಕ್ಕೆ ನ್ಯಾಯವಾಗಿಯೇ ಕಡಿತ ಮಾಡುತ್ತದೆ. ಎಲ್ಲವೂ ಒಂದೇ ಮನೆಯ ಮೇಲೆ ಒಟ್ಟಿಗೆ ಬಿದ್ದಾಗ ಆಗುವ ಹೊರೆಗೆ ಯಾವ ಇಲಾಖೆಯೂ ಹೊಣೆಯಲ್ಲ.

ನಾನು ತೆರಿಗೆ ಋತುವಿನಲ್ಲಿ ಉಚಿತ ತೆರಿಗೆ ನೆರವು ಕೇಂದ್ರವೊಂದರಲ್ಲಿ ಸ್ವಯಂಸೇವೆ ಮಾಡುತ್ತೇನೆ. ಸಂಬಳ ಏರಿಕೆಯನ್ನು ಬೇಡವೆಂದು ಬಿಟ್ಟವರನ್ನು, ಹೆಚ್ಚಿನ ಪಾಳಿ ಒಪ್ಪಿಕೊಳ್ಳಲು ಹೆದರುವವರನ್ನು ಅಲ್ಲಿ ಕಂಡಿದ್ದೇನೆ. ಅವರಲ್ಲಿ ನನಗೆ ಕಾಣಿಸಿದ್ದು ಸೋಮಾರಿತನವಲ್ಲ, ಬೆರಳೆಣಿಕೆಯ ಲೆಕ್ಕ. ವರ್ಷಕ್ಕೊಮ್ಮೆ ಬರುವ ಮರುಪಾವತಿ ಹೆಚ್ಚಾಗಿ ಹಳೆಯ ಸಾಲಕ್ಕೆ, ಬಾಡಿಗೆ ಬಾಕಿಗೆ, ಕೆಲಸಕ್ಕೆ ಹೋಗಲು ಬೇಕಾದ ಕಾರಿನ ದುರಸ್ತಿಗೆ ಹೋಗುತ್ತದೆ.

ಮಗು, ಆರೋಗ್ಯ, ಕಲಿಕೆ

ಇಳಿಜಾರಿಗಿಂತ ಅಪಾಯಕಾರಿಯಾದದ್ದು ಕಡಿದಾದ ಅಂಚು. ಡೇ ಕೇರ್ ಸಹಾಯಧನ ಅದಕ್ಕೆ ಉದಾಹರಣೆ. ಆದಾಯದ ಮಿತಿಯನ್ನು ಸ್ವಲ್ಪವೇ ದಾಟಿದರೂ ತಿಂಗಳಿಗೆ ನೂರಾರು ಡಾಲರಿನ ಸಹಾಯ ಒಮ್ಮೆಗೇ ಕೈತಪ್ಪಬಹುದು. 2014ರ ಒಕ್ಕೂಟ ಕಾನೂನು ಇದನ್ನು ಗುರುತಿಸಿ, ಒಮ್ಮೆ ಅರ್ಹತೆ ಸಿಕ್ಕರೆ ಸಾಮಾನ್ಯವಾಗಿ 12 ತಿಂಗಳು ಮುಂದುವರಿಸಬೇಕು, ಹಂತಹಂತವಾಗಿ ಇಳಿಸಬೇಕು ಎಂದು ವಿಧಿಸಿತು. ಆದರೂ ಅರ್ಹ ಮಕ್ಕಳಲ್ಲಿ ಹೆಚ್ಚಿನವರಿಗೆ ಹಣದ ಕೊರತೆಯಿಂದ ಈ ನೆರವು ತಲುಪುವುದಿಲ್ಲ. ಅಜ್ಜಿ ಮನೆಯಲ್ಲಿರುವ ಕುಟುಂಬಕ್ಕೂ ಯಾರೂ ಇಲ್ಲದ ಕುಟುಂಬಕ್ಕೂ ಇರುವ ಅಂತರ ಎಷ್ಟೆಂಬುದು, ಬಾಣಂತನಕ್ಕೆ ಊರಿನಿಂದ ಅಮ್ಮನನ್ನು ಕರೆಸಿಕೊಂಡ ನಮಗೆ ಗೊತ್ತಿರುವ ಸಂಗತಿ.

ಆರೋಗ್ಯ ವಿಮೆಯದೂ ಇದೇ ಕತೆ. ಮೆಡಿಕೇಯ್ಡ್ ವಿಸ್ತರಿಸದ ಟೆಕ್ಸಾಸ್‌ನಂಥ ರಾಜ್ಯದಲ್ಲಿ ತೀರ ಕಡಿಮೆ ಸಂಬಳದ ಕೆಲಸ ಸಿಕ್ಕರೂ ಪೋಷಕರು ಮಿತಿ ದಾಟುತ್ತಾರೆ. ಕೆಲಸಕ್ಕೆ ಸೇರಿದವರಿಗೆ ಒಂದು ವರ್ಷದವರೆಗಿನ ಮಧ್ಯಂತರ ವಿಮೆ ತಾತ್ಕಾಲಿಕ ಆಸರೆ ಮಾತ್ರ. ಇನ್ನು ಕಲಿಕೆ: ಟ್ಯಾನ್ಫ್ ನಿಯಮದಲ್ಲಿ ವೃತ್ತಿಶಿಕ್ಷಣವು ಕೆಲಸವೆಂದು ಗಣನೆಗೆ ಬರುವುದು 12 ತಿಂಗಳಷ್ಟೇ. ಎರಡು ವರ್ಷದ ನರ್ಸಿಂಗ್ ಶಿಕ್ಷಣ ಮುಗಿಸಿ ನೆಲೆನಿಲ್ಲಬಹುದಾದವಳು ಅರ್ಧಕ್ಕೆ ಬಿಟ್ಟು ಅಂಗಡಿ ಕೆಲಸಕ್ಕೆ ಸೇರಬೇಕಾಗಬಹುದು.

ಎರಡು ಪ್ರಯೋಗಗಳು

ಬೇರೆ ದಾರಿ ಇದೆ ಎಂಬುದಕ್ಕೆ ಸಾಕ್ಷ್ಯವಿದೆ. ಮಿನ್ನೆಸೋಟ ರಾಜ್ಯ 1994ರಲ್ಲಿ ಏಳು ಕೌಂಟಿಗಳಲ್ಲಿ ಆರಂಭಿಸಿದ ಎಂಎಫ್‌ಐಪಿ ಯೋಜನೆ ನಗದು ಮತ್ತು ಆಹಾರ ನೆರವನ್ನು ಒಂದುಗೂಡಿಸಿ, ಆದಾಯ ಬಡತನ ರೇಖೆಯ ಸುಮಾರು ಶೇ. 140 ಮುಟ್ಟುವವರೆಗೂ ಸ್ವಲ್ಪ ನೆರವನ್ನು ಉಳಿಸಿತು. ಎಂಡಿಆರ್‌ಸಿ ಸಂಸ್ಥೆ ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿತು. ದೀರ್ಘಕಾಲ ನೆರವಿನಲ್ಲಿದ್ದ ಒಂಟಿ ತಾಯಂದಿರಲ್ಲಿ ಉದ್ಯೋಗವೂ ಆದಾಯವೂ ಏರಿದವು, ಕೌಟುಂಬಿಕ ಹಿಂಸೆ ಇಳಿಯಿತು, ಮಕ್ಕಳ ಶಾಲಾ ಸಾಧನೆ ಉತ್ತಮಗೊಂಡಿತು. ಆದರೆ 1998ರಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸುವಾಗ ಆ ಮಿತಿಯನ್ನು ಶೇ. 120ಕ್ಕೆ ಇಳಿಸಲಾಯಿತು.

ಅದೇ ವರ್ಷಗಳಲ್ಲಿ ಮಿಲ್ವಾಕಿ ನಗರದ ‘ನ್ಯೂ ಹೋಪ್’ ಯೋಜನೆ ಒಂದು ಸರಳ ಒಪ್ಪಂದವನ್ನು ಮುಂದಿಟ್ಟಿತು: ನೀವು ವಾರಕ್ಕೆ 30 ಗಂಟೆ ದುಡಿಯಿರಿ, ನಾವು ಗಳಿಕೆಗೆ ಪೂರಕ ಹಣ, ಡೇ ಕೇರ್ ಮತ್ತು ಆರೋಗ್ಯ ವಿಮೆಗೆ ಸಹಾಯಧನ ಕೊಡುತ್ತೇವೆ, ಕೆಲಸ ಸಿಗದಿದ್ದರೆ ಸಮುದಾಯ ಸೇವೆಯ ಕೆಲಸ ಒದಗಿಸುತ್ತೇವೆ. ನೆರವು ಮೂರು ವರ್ಷಕ್ಕೆ ಮುಗಿಯಿತು. ಮಕ್ಕಳ, ಅದರಲ್ಲೂ ಗಂಡುಮಕ್ಕಳ ಕಲಿಕೆ ಮತ್ತು ನಡವಳಿಕೆಯಲ್ಲಿ ಕಂಡ ಒಳಿತು ಆಮೇಲೂ ಉಳಿಯಿತು. ದೊಡ್ಡವರ ಗಳಿಕೆಯ ಏರಿಕೆ ಮಾತ್ರ ಕಾಲ ಕಳೆದಂತೆ ತಗ್ಗಿತು. ಕೆಲಸದ ಷರತ್ತನ್ನು ಈ ಎರಡೂ ಯೋಜನೆಗಳು ಕೈಬಿಡಲಿಲ್ಲ. ದುಡಿದವಳು ಸೋಲದಂತೆ ನೋಡಿಕೊಂಡವು.

ನಮ್ಮ ಪಾಲು

ಈ ವಿಷಯ ನಮಗೆ ಹೊರಗಿನದಲ್ಲ. 1996ರ ಕಾನೂನಿನಂತೆ ಹೊಸದಾಗಿ ಗ್ರೀನ್ ಕಾರ್ಡ್ ಪಡೆದ ಹೆಚ್ಚಿನ ವಯಸ್ಕರು ಮೊದಲ ಐದು ವರ್ಷ ಇಂಥ ನೆರವಿಗೆ ಅರ್ಹರಲ್ಲ. ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿಗೆ ಆ ತಡೆ ಇಲ್ಲ. ಪತಿಯಿಂದ ದೂರಾಗಿ ಮಕ್ಕಳೊಂದಿಗೆ ಒಂಟಿಯಾದ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ತಿಳಿದಿರುವುದು ಬಹಳ ಮುಖ್ಯ. 211 ಸಂಖ್ಯೆಗೆ ಕರೆ ಮಾಡಿದರೆ ಸ್ಥಳೀಯ ನೆರವಿನ ಮಾಹಿತಿ ದೊರೆಯುತ್ತದೆ; ವಲಸೆ ಸ್ಥಿತಿಯ ಮೇಲಾಗುವ ಪರಿಣಾಮವನ್ನು ವಕೀಲರಲ್ಲಿ ಕೇಳಿ ಮುಂದುವರಿಯುವುದು ಒಳಿತು.

ಲೆಕ್ಕ ಬಲ್ಲವರು ‘ವೀಟಾ’ ಉಚಿತ ತೆರಿಗೆ ನೆರವು ಕೇಂದ್ರಗಳಲ್ಲಿ ತರಬೇತಿ ಪಡೆದು, ಪರೀಕ್ಷೆ ಮುಗಿಸಿ ಸೇವೆ ಮಾಡಬಹುದು. ಅರ್ಹರಿದ್ದೂ ಇಐಟಿಸಿ ಕೇಳದೆ ಉಳಿಯುವವರು ಸುಮಾರು ಐದರಲ್ಲಿ ಒಬ್ಬರು. ಹೋಟೆಲು, ಅಂಗಡಿ, ಪೆಟ್ರೋಲ್ ಬಂಕ್ ನಡೆಸುವವರು ಪಾಳಿಯ ವೇಳಾಪಟ್ಟಿಯನ್ನು ಎರಡು ವಾರ ಮುಂಚಿತವಾಗಿ ತಿಳಿಸಬಹುದು. ಹಿಂದಿನ ರಾತ್ರಿ ಬದಲಾದ ಪಾಳಿಗೆ ಮಗುವನ್ನು ನೋಡಿಕೊಳ್ಳುವವರು ಸಿಗದೆ ಕೆಲಸ ಕಳೆದುಕೊಂಡವಳು ಮತ್ತೆ ಅದೇ ನೆರವಿನ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಾಳೆ.