ಕೈರೋಪ್ರಾಕ್ಟಿಕ್ ಚಿಕಿತ್ಸೆ

ಕೈರೋಪ್ರಾಕ್ಟಿಕ್ ಎಂಬುದು ಬೆನ್ನು, ಸೊಂಟ, ಕುತ್ತಿಗೆ ಮತ್ತು ಕೀಲುಗಳ ನೋವನ್ನು ಮುಖ್ಯವಾಗಿ ಕೈಯಿಂದ ಒತ್ತಡ ಕೊಟ್ಟು ಉಪಚರಿಸುವ ಒಂದು ಪರ್ಯಾಯ ಚಿಕಿತ್ಸಾ ಪದ್ಧತಿ. 'ಕೈ' ಮತ್ತು 'ಕ್ರಿಯೆ' ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಈ ಹೆಸರು ಬಂದಿದೆ. ಮೊದಲ ಅಕ್ಷರ ಕನ್ನಡದ 'ಕೈ'ಯನ್ನು ಹೋಲುವುದು ಆಕಸ್ಮಿಕ. ಅಮೆರಿಕದಲ್ಲಿ ಹುಟ್ಟಿ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟಿರುವ ಈ ವೃತ್ತಿಗೆ ಭಾರತದಲ್ಲಿ ಪ್ರತ್ಯೇಕ ಶಾಸನಬದ್ಧ ಮಂಡಳಿ ಇಲ್ಲ. ಆದರೂ ಅಂತರಜಾಲದ ವೀಡಿಯೊಗಳ ಪ್ರಭಾವದಿಂದ ಬೆಂಗಳೂರಿನಂಥ ನಗರಗಳಲ್ಲಿ ಇದರ ಹೆಸರಿನ ಫಲಕಗಳು ಸಾಮಾನ್ಯವಾಗಿವೆ. ಮೊದಲ ಬಾರಿಗೆ ಈ ಚಿಕಿತ್ಸೆಗೆ ಹೋಗುವವರಿಗೆ ಅದರ ಪ್ರಯೋಜನದ ಮಿತಿ, ಅಪಾಯದ ಲಕ್ಷಣಗಳು ಮತ್ತು ಚಿಕಿತ್ಸಕರ ಅರ್ಹತೆ ಈ ಮೂರು ವಿಷಯಗಳ ಅರಿವು ಅಗತ್ಯ.

ಹುಟ್ಟು ಮತ್ತು ಬೆಳವಣಿಗೆ

ಈ ಪದ್ಧತಿಯ ಸ್ಥಾಪಕ ಡೇನಿಯಲ್ ಡೇವಿಡ್ ಪಾಮರ್. ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಪಟ್ಟಣದಲ್ಲಿ ಆತ ಕಾಂತಚಿಕಿತ್ಸೆ ನಡೆಸುತ್ತಿದ್ದ. 1895ರಲ್ಲಿ ಅದೇ ಕಟ್ಟಡದ ಕಾವಲು ಮತ್ತು ಸ್ವಚ್ಛತೆಯ ಕೆಲಸ ನೋಡಿಕೊಳ್ಳುತ್ತಿದ್ದ ಹಾರ್ವೆ ಲಿಲ್ಲರ್ಡ್ ಎಂಬಾತನ ಬೆನ್ನುಮೂಳೆಯನ್ನು ಒತ್ತಿದಾಗ ಅವನಿಗೆ ಕಿವಿ ಮರಳಿ ಕೇಳಿಸತೊಡಗಿತೆಂಬುದು ಪಾಮರನ ಹೇಳಿಕೆ. ಶ್ರವಣ ನರವು ತಲೆಬುರುಡೆಯ ಒಳಗೇ ಕಿವಿಯಿಂದ ಮೆದುಳಿಗೆ ಹೋಗುತ್ತದೆ, ಬೆನ್ನುಮೂಳೆಯ ಮೂಲಕ ಹಾಯುವುದಿಲ್ಲ; ಆದ್ದರಿಂದ ಈ ಕಥೆಯನ್ನು ವೈದ್ಯವಿಜ್ಞಾನ ಒಪ್ಪುವುದಿಲ್ಲ. ಕಶೇರುಮಣಿಗಳು ಕೊಂಚ ಸರಿದು ನರಗಳ ಮೇಲೆ ಒತ್ತುವುದೇ ಬಹುಪಾಲು ರೋಗಗಳಿಗೆ ಕಾರಣವೆಂದು ಪಾಮರ್ ವಾದಿಸಿದ. ಈ ಸರಿತಕ್ಕೆ 'ಸಬ್ಲಕ್ಸೇಷನ್' ಎಂದು ಹೆಸರು. ಆತ ವಿವರಿಸಿದ ರೀತಿಯ ಸರಿತವು ರೋಗಗಳಿಗೆ ಕಾರಣವೆಂಬುದಕ್ಕೆ ಆಧಾರ ದೊರೆತಿಲ್ಲ.

1897ರಲ್ಲಿ ಪಾಮರ್ ಶಾಲೆ ಆರಂಭವಾಯಿತು. 1906ರಲ್ಲಿ ಪರವಾನಗಿಯಿಲ್ಲದೆ ಚಿಕಿತ್ಸೆ ನೀಡಿದ ಆರೋಪದಲ್ಲಿ ಪಾಮರ್ ಸೆರೆವಾಸ ಅನುಭವಿಸಿದ. ಮಗ ಬಿ. ಜೆ. ಪಾಮರ್ ಈ ವೃತ್ತಿಯನ್ನು ದೇಶವ್ಯಾಪಿಯಾಗಿ ಹರಡಿದ. 1913ರಲ್ಲಿ ಕಾನ್ಸಾಸ್ ಇದಕ್ಕೆ ಪರವಾನಗಿ ಕಾನೂನು ಮಾಡಿದ ಮೊದಲ ರಾಜ್ಯವಾದರೆ, 1974ರಲ್ಲಿ ಲೂಯಿಸಿಯಾನ ಕೊನೆಯದಾಯಿತು. ಅಮೆರಿಕನ್ ವೈದ್ಯಕೀಯ ಸಂಘವು ಈ ವೃತ್ತಿಯನ್ನು ಬಹಿಷ್ಕರಿಸಿದ್ದರ ವಿರುದ್ಧ 1976ರಲ್ಲಿ ಹೂಡಿದ 'ವಿಲ್ಕ್' ಮೊಕದ್ದಮೆಯಲ್ಲಿ 1987ರಲ್ಲಿ ನ್ಯಾಯಾಲಯವು ಕೈರೋಪ್ರಾಕ್ಟರುಗಳ ಪರವಾಗಿ ತೀರ್ಪಿತ್ತಿತು. ಅದು ವ್ಯಾಪಾರ ಸ್ಪರ್ಧೆಯ ಕಾನೂನಿನಡಿಯ ತೀರ್ಪೇ ಹೊರತು ಚಿಕಿತ್ಸೆ ಫಲಕಾರಿ ಎಂಬ ಪ್ರಮಾಣಪತ್ರವಲ್ಲ. ಜಾಹೀರಾತುಗಳಲ್ಲಿ ಈ ವ್ಯತ್ಯಾಸ ಹಲವೊಮ್ಮೆ ಮರೆಯಾಗುತ್ತದೆ.

ಇಂದು ಈ ವೃತ್ತಿಯೊಳಗೇ ಎರಡು ಪಂಥಗಳಿವೆ. ಪಾಮರನ ಮೂಲ ಸಿದ್ಧಾಂತವನ್ನು ಅಕ್ಷರಶಃ ನಂಬಿದವರು ಒಂದೆಡೆ. ಅದನ್ನು ಬದಿಗಿಟ್ಟು, ಬೆನ್ನುನೋವಿಗೆ ವ್ಯಾಯಾಮ ಮತ್ತು ಹಸ್ತಚಿಕಿತ್ಸೆಯನ್ನು ಕೂಡಿಸಿ ನೀಡುವವರು ಇನ್ನೊಂದೆಡೆ.

ಚಿಕಿತ್ಸೆಯ ವಿಧಾನ

ಮುಖ್ಯ ವಿಧಾನವೆಂದರೆ ಕೀಲನ್ನು ಅದರ ಚಲನೆಯ ಕೊನೆಯ ಹಂತದವರೆಗೆ ಒಯ್ದು, ಅಲ್ಲಿ ವೇಗವಾಗಿ, ಅಲ್ಪ ದೂರಕ್ಕೆ ಒತ್ತುವುದು. ಇದನ್ನು 'ಅಡ್ಜಸ್ಟ್‌ಮೆಂಟ್' ಎನ್ನುತ್ತಾರೆ. ಆಗ ಬೆರಳಿನ ನೆಟಿಗೆ ಮುರಿದಂಥ ಸದ್ದು ಬರುವುದುಂಟು. ಜಾರಿದ ಮೂಳೆ ಸ್ವಸ್ಥಾನಕ್ಕೆ ಮರಳಿದ ಸದ್ದು ಇದೆಂಬ ನಂಬಿಕೆ ಸರಿಯಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದು ಅನಿಲದ ಗುಳ್ಳೆ ಉಂಟಾಗುವುದನ್ನು 2015ರಲ್ಲಿ ಕೆನಡಾದ ಸಂಶೋಧಕರು ಬೆರಳ ಕೀಲಿನ ಎಂ.ಆರ್.ಐ. ಚಿತ್ರಣದಲ್ಲಿ ನೇರವಾಗಿ ತೋರಿಸಿದರು. ಸದ್ದು ಬಂದರೆ ಗುಣ, ಬಾರದಿದ್ದರೆ ವಿಫಲ ಎಂಬ ಲೆಕ್ಕಕ್ಕೆ ಆಧಾರವಿಲ್ಲ. ವೀಡಿಯೊಗಳಲ್ಲಿ ಧ್ವನಿವರ್ಧಕವನ್ನು ಬೆನ್ನಿನ ಸಮೀಪ ಹಿಡಿದು ಈ ಸದ್ದನ್ನು ದೊಡ್ಡದಾಗಿ ಕೇಳಿಸುವುದು ಪ್ರೇಕ್ಷಕರಿಗಾಗಿ, ರೋಗಿಗಾಗಿ ಅಲ್ಲ.

ಇದಲ್ಲದೆ ಭಾಗಗಳು ಕೆಳಕ್ಕೆ ಇಳಿಯುವ ವಿಶೇಷ ಮೇಜು, ಸ್ಪ್ರಿಂಗ್ ಅಳವಡಿಸಿದ ಸಣ್ಣ ಉಪಕರಣ, ನಿಧಾನಗತಿಯ ಸೆಳೆತ, ಸ್ನಾಯುಗಳ ಮರ್ದನ ಮುಂತಾದ ವಿಧಾನಗಳೂ ಇವೆ. ತಲೆಗೆ ಪಟ್ಟಿ ಕಟ್ಟಿ ಒಮ್ಮೆಲೇ ಜಗ್ಗುವ ಕ್ರಮ ವೀಡಿಯೊಗಳಿಂದ ಪ್ರಸಿದ್ಧವಾಗಿದೆ. ಅದು ಪ್ರದರ್ಶನಕ್ಕೆ ಒಗ್ಗುವಷ್ಟು ಚಿಕಿತ್ಸೆಗೆ ಒಗ್ಗುವುದಿಲ್ಲ.

ಭಾರತದಲ್ಲಿ ಕೈಯಿಂದ ಮೂಳೆ, ಸ್ನಾಯು ಉಪಚರಿಸುವುದು ಹೊಸತಲ್ಲ. ಉಳುಕು ತೆಗೆಯುವ ನಾಟಿ ವೈದ್ಯರು, ಕ್ಷೌರದಂಗಡಿಯ ತಲೆ ಮಸಾಜು, ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಕಾಣುವ 'ಪುತ್ತೂರು ಕಟ್ಟು' ಫಲಕಗಳು ಇದಕ್ಕೆ ನಿದರ್ಶನ. ಕಾಲು ಮುಂದಾಗಿ ಹುಟ್ಟಿದವರು ಪಾದದಿಂದ ಸೋಕಿಸಿದರೆ ಸೊಂಟದ ಹಿಡಿತ ಬಿಡುತ್ತದೆಂಬ ನಂಬಿಕೆಯೂ ಹಲವೆಡೆ ಇದೆ. ಹಿಡಿದುಕೊಂಡ ಸೊಂಟ ಸಾಮಾನ್ಯವಾಗಿ ಕೆಲವು ದಿನ ಅಥವಾ ವಾರಗಳಲ್ಲಿ ತಾನಾಗಿಯೇ ಸಡಿಲವಾಗುವುದರಿಂದ ಕೊನೆಗೆ ಯಾವ ಉಪಚಾರ ನಡೆದಿತ್ತೋ ಅದಕ್ಕೇ ಶ್ರೇಯಸ್ಸು ಸಲ್ಲುತ್ತದೆ. ಕೈರೋಪ್ರಾಕ್ಟಿಕ್ ಕುರಿತ ಅನುಭವಕಥನಗಳನ್ನು ಅಳೆಯುವಾಗಲೂ ಈ ಅಂಶವನ್ನು ಗಮನದಲ್ಲಿಡಬೇಕಾಗುತ್ತದೆ.

ಪ್ರಯೋಜನದ ಆಧಾರಗಳು

ಸೊಂಟನೋವಿನ ವಿಷಯದಲ್ಲಿ ಸಾಕಷ್ಟು ಪ್ರಯೋಗಗಳು ನಡೆದಿವೆ. ದೀರ್ಘಕಾಲದ ಸೊಂಟನೋವಿನ ಕುರಿತ 47 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಬೆನ್ನೆಲುಬಿನ ಹಸ್ತಚಿಕಿತ್ಸೆಯು ಶಿಫಾರಸಿನ ಇತರ ಚಿಕಿತ್ಸೆಗಳಷ್ಟೇ ಪರಿಣಾಮ ಬೀರುತ್ತದೆ. ಎಂದರೆ ವ್ಯಾಯಾಮಕ್ಕಿಂತ ಗಮನಾರ್ಹವಾಗಿ ಮೇಲೂ ಅಲ್ಲ, ಕೀಳೂ ಅಲ್ಲ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರ ತನ್ನ ಮಾರ್ಗಸೂಚಿಯಲ್ಲಿ ಔಷಧರಹಿತ ಆಯ್ಕೆಗಳ ಪೈಕಿ ಇದನ್ನೂ ಸೇರಿಸಿತು. ಬ್ರಿಟನ್ನಿನ 2016ರ ಮಾರ್ಗಸೂಚಿಯು ವ್ಯಾಯಾಮದೊಂದಿಗೆ ಕೂಡಿಸಿದರೆ ಮಾತ್ರ ಇದನ್ನು ಪರಿಗಣಿಸಬಹುದೆಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಸೊಂಟನೋವಿನ ಮಾರ್ಗಸೂಚಿಯಲ್ಲಿಯೂ ಇದು ಆಯ್ಕೆಗಳಲ್ಲೊಂದು.

ಆಸ್ತಮಾ, ರಕ್ತದೊತ್ತಡ, ಅಜೀರ್ಣ, ಮಕ್ಕಳ ಹೊಟ್ಟೆನೋವು, ಕಿವಿಯ ಸೋಂಕು ಮುಂತಾದವು ಗುಣವಾಗುತ್ತವೆಂಬ ಹೇಳಿಕೆಗಳಿಗೆ ಇಂಥ ಬೆಂಬಲವಿಲ್ಲ. ಪಂಜಾಬಿ ಮೂಲದ ಬ್ರಿಟಿಷ್ ಲೇಖಕ ಸೈಮನ್ ಸಿಂಗ್ 2008ರಲ್ಲಿ ಈ ಹೇಳಿಕೆಗಳನ್ನು ಟೀಕಿಸಿದಾಗ ಬ್ರಿಟಿಷ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ ಮಾನನಷ್ಟ ಮೊಕದ್ದಮೆ ಹೂಡಿ, 2010ರಲ್ಲಿ ಹಿಂದೆಗೆದುಕೊಂಡಿತು. ಶಿಶುಗಳ ಬೆನ್ನೆಲುಬಿನ ಮೇಲೆ ಇಂಥ ಚಿಕಿತ್ಸೆ ನಡೆಸುವುದನ್ನು ಆಸ್ಟ್ರೇಲಿಯಾದ ಕೈರೋಪ್ರಾಕ್ಟಿಕ್ ಮಂಡಳಿಯೇ 2019ರಲ್ಲಿ ಎರಡು ವರ್ಷದೊಳಗಿನವರಿಗೆ ಮಧ್ಯಂತರವಾಗಿ ನಿರ್ಬಂಧಿಸಿತು.

ಹಸ್ತಚಿಕಿತ್ಸೆಗೆ ಮುನ್ನ ಗಮನಿಸಬೇಕಾದ ಲಕ್ಷಣಗಳು

ಬೆನ್ನುನೋವುಗಳಲ್ಲಿ ಬಹುಪಾಲು ನಿರಪಾಯಕಾರಿ. ಆದರೆ ಕೆಲವು ನೋವುಗಳ ಹಿಂದೆ ಗಂಭೀರ ಕಾಯಿಲೆ ಇರುತ್ತದೆ. ಅಂಥ ಬೆನ್ನನ್ನು ಒತ್ತಿದರೆ ಹಾನಿಯಾಗುತ್ತದೆ. ಭಾರತದ ಸಂದರ್ಭದಲ್ಲಿ ಬೆನ್ನುಮೂಳೆಯ ಕ್ಷಯ ಇವುಗಳಲ್ಲಿ ಮುಖ್ಯವಾದುದು. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆಂಬ ತಿಳಿವಳಿಕೆ ಸರಿಯಲ್ಲ. ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಕೆ, ವಿಶ್ರಾಂತಿಯಲ್ಲೂ ಕಡಿಮೆಯಾಗದ ನೋವು, ಬೆನ್ನಿನ ಒಂದೇ ಬಿಂದುವಿನಲ್ಲಿ ಮುಟ್ಟಿದರೆ ನೋವು ಇವು ಅದರ ಸುಳಿವುಗಳಾಗಿರಬಹುದು. ಸೋಂಕಿನಿಂದ ಸವೆದ ಕಶೇರುಮಣಿ ಒತ್ತಡಕ್ಕೆ ಕುಸಿದರೆ ಕಾಲುಗಳ ಬಲವೇ ಹೋಗಬಹುದು. ಕ್ಯಾನ್ಸರ್ ಹಿಂದೆ ಬಂದಿದ್ದವರಲ್ಲಿ ಹೊಸದಾಗಿ ಕಾಣಿಸಿಕೊಂಡ ಬೆನ್ನುನೋವಿಗೂ ಮೊದಲು ತಪಾಸಣೆ ನಡೆಯಬೇಕು.

ಮೂಳೆ ಟೊಳ್ಳಾದ ವೃದ್ಧರು, ಬಹುಕಾಲ ಸ್ಟೀರಾಯ್ಡ್ ಸೇವಿಸಿದವರು, ಇತ್ತೀಚೆಗೆ ಬಿದ್ದವರು ಅಥವಾ ಅಪಘಾತಕ್ಕೀಡಾದವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ರುಮಟಾಯ್ಡ್ ಸಂಧಿವಾತ ಅಥವಾ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರು ವೈದ್ಯರ ಸಲಹೆಯಿಲ್ಲದೆ ಇದಕ್ಕೆ ಒಳಗಾಗುವುದು ಅಪಾಯಕರ. ರುಮಟಾಯ್ಡ್ ಕಾಯಿಲೆಯಲ್ಲಿ ಕುತ್ತಿಗೆಯ ಮೇಲಿನ ಎರಡು ಕಶೇರುಮಣಿಗಳ ನಡುವಿನ ಬಂಧ ಸಡಿಲಾಗಿರುವ ಸಾಧ್ಯತೆ ಇದ್ದು, ಅಲ್ಲಿ ತಿರುಚುವುದು ಬೆನ್ನುಹುರಿಗೇ ಪೆಟ್ಟಾಗಬಹುದು.

ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಮಲದ ಮೇಲಿನ ನಿಯಂತ್ರಣ ಹೋಗುವುದು, ತೊಡೆಸಂದು ಹಾಗೂ ಗುದದ ಸುತ್ತ ಮರಗಟ್ಟುವುದು, ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗುವುದು ಇವು ತುರ್ತು ಲಕ್ಷಣಗಳು. ಬೆನ್ನುಹುರಿಯ ತುದಿಯ ನರಗುಚ್ಛದ ಮೇಲೆ ಡಿಸ್ಕ್ ಒತ್ತಿದಾಗ ಹೀಗಾಗುತ್ತದೆ. ಇದಕ್ಕೆ ಬೇಕಾದುದು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆ, ಅದೂ ಅಂದೇ. ತಡವಾದರೆ ಮೂತ್ರಕೋಶದ ನಿಯಂತ್ರಣ ಶಾಶ್ವತವಾಗಿ ನಷ್ಟವಾಗಬಹುದು. ಸಂಕೋಚದಿಂದ ಮೂತ್ರದ ತೊಂದರೆಯನ್ನು ಹೇಳಿಕೊಳ್ಳದೆ 'ಸೊಂಟ ಹಿಡಿದುಕೊಂಡಿದೆ' ಎಂದಷ್ಟೇ ಹೇಳುವ ರೋಗಿಗಳಿರುವುದರಿಂದ, ಈ ಪ್ರಶ್ನೆಯನ್ನು ಚಿಕಿತ್ಸಕರೇ ಕೇಳಬೇಕು. ಕೇಳದೆ ಮೇಜಿನ ಮೇಲೆ ಮಲಗಿಸುವ ಚಿಕಿತ್ಸಕರ ಬಗ್ಗೆ ಸಂಶಯಪಡಲು ಕಾರಣವಿದೆ.

ಕುತ್ತಿಗೆಯ ಅಪಾಯ

ಚಿಕಿತ್ಸೆಯ ಅನಂತರ ಒಂದೆರಡು ದಿನ ಮೈಕೈ ನೋವು, ಬಿಗಿತ, ಆಯಾಸ, ತಲೆನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಹಲವು ಅಧ್ಯಯನಗಳಲ್ಲಿ ಮೂರನೇ ಒಂದು ಭಾಗದಿಂದ ಅರ್ಧಕ್ಕೂ ಹೆಚ್ಚು ರೋಗಿಗಳು ಇದನ್ನು ವರದಿ ಮಾಡಿದ್ದಾರೆ. ವಿರಳವಾದರೂ ಭೀಕರವಾದುದು ಕುತ್ತಿಗೆಯ ರಕ್ತನಾಳದ ಹಾನಿ. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಕಶೇರುಕ ಧಮನಿಗಳು ಕುತ್ತಿಗೆಯ ಮಣಿಗಳ ರಂಧ್ರಗಳ ಮೂಲಕ ಏರಿ, ಮೇಲ್ಭಾಗದಲ್ಲಿ ತೀವ್ರವಾಗಿ ಬಾಗುತ್ತವೆ. ಥಟ್ಟನೆ ತಿರುಚಿದಾಗ ಧಮನಿಯ ಒಳಪದರ ಸೀಳಿ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಸಾಗಿ ಪಾರ್ಶ್ವವಾಯು ತರಬಹುದು. ಯುವಕರೂ ಇದಕ್ಕೆ ಹೊರತಲ್ಲ.

ಇದರ ಕಾರಣಸಂಬಂಧ ವಿವಾದಾಸ್ಪದ. ಕೆನಡಾದ ಒಂಟಾರಿಯೊ ಪ್ರಾಂತ್ಯದ ದತ್ತಾಂಶವನ್ನು ಆಧರಿಸಿದ 2008ರ ಅಧ್ಯಯನವು, ಇಂಥ ಪಾರ್ಶ್ವವಾಯುವಿಗೆ ಮುನ್ನ ಕುಟುಂಬ ವೈದ್ಯರ ಭೇಟಿಯೂ ಕೈರೋಪ್ರಾಕ್ಟರ್ ಭೇಟಿಯಷ್ಟೇ ಸಾಮಾನ್ಯವಾಗಿತ್ತೆಂದು ಕಂಡಿತು. ಧಮನಿ ಮೊದಲೇ ಸೀಳಿದ್ದು, ಅದರ ನೋವಿಗಾಗಿಯೇ ರೋಗಿ ಚಿಕಿತ್ಸೆಗೆ ಬಂದಿರಬಹುದು ಎಂಬುದು ಇದರ ಒಂದು ವಿವರಣೆ. ಆದರೂ ಮೊದಲೇ ಸೀಳಿದ ಧಮನಿಯಿರುವ ಕುತ್ತಿಗೆಯನ್ನು ತಿರುಚುವುದು ಹೇಗೂ ಹಿತವಲ್ಲ. ಹಿಂದೆಂದೂ ಬಾರದ ಬಗೆಯ, ಒಮ್ಮೆಲೇ ಆರಂಭವಾದ ಕುತ್ತಿಗೆನೋವು ಅಥವಾ ತಲೆನೋವು ಇರುವಾಗ ಕುತ್ತಿಗೆಯ ಚಿಕಿತ್ಸೆ ಬೇಡವೆನ್ನುವುದು ಇದೇ ಕಾರಣಕ್ಕೆ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ತಲೆ ಮಸಾಜಿನ ಕೊನೆಗೆ ಕುತ್ತಿಗೆ ತಿರುಚಿಸಿಕೊಂಡು ಪಾರ್ಶ್ವವಾಯುವಿಗೆ ತುತ್ತಾದ ಪ್ರಕರಣ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಕೈ ಯಾರದ್ದಾದರೂ ಧಮನಿಗೆ ಆಗುವ ಪೆಟ್ಟು ಒಂದೇ.

ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖ ಅಥವಾ ಕೈಕಾಲು ಮರಗಟ್ಟುವುದು, ನಡಿಗೆ ಓಲಾಡುವುದು ಇವುಗಳಲ್ಲಿ ಯಾವುದಾದರೂ ಚಿಕಿತ್ಸೆಯ ವೇಳೆ ಅಥವಾ ಮುಂದಿನ ದಿನಗಳಲ್ಲಿ ಕಂಡರೆ 108ಕ್ಕೆ ಕರೆ ಮಾಡಿ ನರರೋಗ ಚಿಕಿತ್ಸೆಯಿರುವ ಆಸ್ಪತ್ರೆ ಸೇರಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಸರಿಪಡಿಸುತ್ತೇನೆಂದು ಇನ್ನೊಮ್ಮೆ ತಿರುಚಲು ಯಾರಿಗೂ ಅವಕಾಶ ಕೊಡಬಾರದು.

ಮೊದಲ ಭೇಟಿ

ಮೊದಲ ಭೇಟಿಯ ಹೆಚ್ಚಿನ ಕಾಲ ಮಾತು ಮತ್ತು ಪರೀಕ್ಷೆಗೆ ಹೋಗಬೇಕು. ನೋವಿನ ಇತಿಹಾಸ, ಸೇವಿಸುವ ಔಷಧಿಗಳು, ಗರ್ಭಿಣಿಯೇ ಎಂಬ ವಿಚಾರಣೆ, ಕಾಲು ನೇರವಾಗಿ ಎತ್ತಿ ನೋಡುವುದು, ಮಂಡಿಯ ಪ್ರತಿವರ್ತನೆ, ಸ್ಪರ್ಶಜ್ಞಾನ ಮತ್ತು ಸ್ನಾಯುಬಲದ ಪರೀಕ್ಷೆ ಇದರಲ್ಲಿ ಸೇರುತ್ತವೆ. ಎಲ್ಲರಿಗೂ ಎಕ್ಸ್-ರೇ ತೆಗೆಸುವ ಅಗತ್ಯವಿಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯಲ್ಲಿ, 20 ವರ್ಷದವರಲ್ಲಿ ಶೇ. 37ರಷ್ಟು ಮತ್ತು 80 ವರ್ಷದವರಲ್ಲಿ ಶೇ. 96ರಷ್ಟು ಮಂದಿಗೆ ಡಿಸ್ಕಿನ ಸವೆತ ಕಂಡುಬಂದಿತ್ತು. ಆದ್ದರಿಂದ ಚಿತ್ರದಲ್ಲಿನ ಸವೆತವನ್ನು ತೋರಿಸಿ ಹೆದರಿಸುವ ಮಾತಿಗೆ ಬೆಲೆ ಕೊಡಬೇಕಿಲ್ಲ.

ಏನು ಮಾಡಲಾಗುತ್ತದೆ, ಅಪಾಯವೇನು, ಪರ್ಯಾಯವೇನು ಎಂಬುದನ್ನು ತಿಳಿಸಿ ಒಪ್ಪಿಗೆ ಪಡೆಯುವುದು ಚಿಕಿತ್ಸಕರ ಕರ್ತವ್ಯ. ಕುತ್ತಿಗೆಯನ್ನು ಮುಟ್ಟಬೇಡಿ ಎಂದು ಹೇಳುವ ಹಕ್ಕು ರೋಗಿಗಿದೆ. ಮೇಜಿನ ಮೇಲೆ ಮಲಗಿದ ಮೇಲೂ ಹೇಳಬಹುದು. ಎರಡರಿಂದ ನಾಲ್ಕು ವಾರಗಳಲ್ಲಿ ಗುಣ ಕಾಣದಿದ್ದರೆ ಮರುಪರಿಶೀಲನೆ ಅಗತ್ಯವಾಗುತ್ತದೆ. ಮೊದಲ ದಿನವೇ ಹಲವು ತಿಂಗಳ ಭೇಟಿಗಳಿಗೆ ಮುಂಗಡ ಹಣ ಕಟ್ಟಿಸಿಕೊಳ್ಳುವ 'ಪ್ಯಾಕೇಜ್' ಕ್ರಮಕ್ಕೆ ವೈದ್ಯಕೀಯ ಸಮರ್ಥನೆ ಇಲ್ಲ.

ಭಾರತದಲ್ಲಿ ಕಾನೂನಿನ ಸ್ಥಿತಿ

ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿಯು ಈ ವೃತ್ತಿಗೆ ನಾಲ್ಕು ವರ್ಷಗಳ ಪೂರ್ಣಾವಧಿ ಶಿಕ್ಷಣ, ಕನಿಷ್ಠ 4200 ಗಂಟೆಗಳ ಬೋಧನೆ ಮತ್ತು ಅದರಲ್ಲಿ 1000 ಗಂಟೆಗಳ ಮೇಲ್ವಿಚಾರಿತ ಪ್ರಾಯೋಗಿಕ ತರಬೇತಿಯನ್ನು ಸೂಚಿಸಿದೆ. ಭಾರತದಲ್ಲಿ ಇದನ್ನು ಜಾರಿಗೊಳಿಸುವ ಮಂಡಳಿಯಿಲ್ಲದ ಕಾರಣ, ವಿದೇಶದಲ್ಲಿ ಪದವಿ ಪಡೆದವರೂ ಅಲ್ಪಾವಧಿ ತರಬೇತಿ ಪಡೆದವರೂ ಒಂದೇ ಬಗೆಯ ಫಲಕ ಹಾಕಿಕೊಳ್ಳಲು ಸಾಧ್ಯವಾಗಿದೆ. ಫಿಸಿಯೋಥೆರಪಿಯಾದರೋ 2021ರ ರಾಷ್ಟ್ರೀಯ ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಹೆಸರಿನ ಹಿಂದಿನ 'ಡಾ.' ಎಂಬುದರಿಂದ ಮಾತ್ರ ಅರ್ಹತೆ ತಿಳಿಯುವುದಿಲ್ಲ, ಎಂ.ಬಿ.ಬಿ.ಎಸ್., ಬಿ.ಪಿ.ಟಿ., ಬಿ.ಎ.ಎಂ.ಎಸ್., ಬಿ.ಎನ್.ವೈ.ಎಸ್. ಇವುಗಳಲ್ಲಿ ಯಾವುದು, ಹಸ್ತಚಿಕಿತ್ಸೆಯ ತರಬೇತಿ ಎಲ್ಲಿ, ಎಷ್ಟು ಕಾಲ ಎಂದು ಕೇಳುವುದು ಅನುಚಿತವಲ್ಲ. ಕರ್ನಾಟಕದಲ್ಲಿ ಕ್ಲಿನಿಕ್‌ಗಳೂ ಫಿಸಿಯೋಥೆರಪಿ ಕೇಂದ್ರಗಳೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವಾಗಿರಬೇಕು.

ಪಶ್ಚಿಮ ಬೆಂಗಳೂರಿನಲ್ಲಿ

ಕೈಗಾರಿಕಾ ಉಪನಗರವಾಗಿ ಬೆಳೆದ ರಾಜಾಜಿನಗರ, ಸಮೀಪದ ಪೀಣ್ಯ, ಮೈಸೂರು ರಸ್ತೆಯ ಉದ್ದಕ್ಕೂ ಇರುವ ಸಿದ್ಧ ಉಡುಪಿನ ಕಾರ್ಖಾನೆಗಳು ಇವುಗಳಿಂದಾಗಿ ನಗರದ ಈ ಭಾಗದಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ, ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರುವ ಶ್ರಮಿಕರು ಬಹಳ. ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಿಂದ ದ್ವಿಚಕ್ರ ವಾಹನದಲ್ಲಿ ಗುಂಡಿಬಿದ್ದ ರಸ್ತೆಗಳನ್ನು ದಾಟಿ ಕಚೇರಿಗೆ ಹೋಗುವವರ ಸೊಂಟನೋವು ಬೇರೆಯೇ ಬಗೆಯದು.

ಖಾಸಗಿ ಕೇಂದ್ರಕ್ಕೆ ಹೋಗುವ ಮೊದಲು ರೋಗನಿರ್ಣಯ ಮಾಡಿಸಿಕೊಳ್ಳಲು ಹತ್ತಿರದಲ್ಲೇ ಸಾರ್ವಜನಿಕ ಆಸ್ಪತ್ರೆಗಳಿವೆ. ರಾಜಾಜಿನಗರದ ಇ.ಎಸ್.ಐ. ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಮಾದಾರ ಕಾರ್ಮಿಕರಿಗೂ ಅವರ ಅವಲಂಬಿತರಿಗೂ ಚಿಕಿತ್ಸೆ ದೊರೆಯುತ್ತದೆ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಇನ್ನೊಂದು ಆಯ್ಕೆ. ವಿಕ್ಟೋರಿಯಾ ಆಸ್ಪತ್ರೆಯು ಮೆಟ್ರೊ ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಸಮೀಪದಲ್ಲಿದ್ದು, ಕೆಂಗೇರಿ ಮತ್ತು ವಿಜಯನಗರದವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಿಸಬಹುದು. ಮೂಳೆ ಸಂಬಂಧಿ ಕಾಯಿಲೆಗಳಿಗೆ ಜಯನಗರದ ಸಂಜಯ ಗಾಂಧಿ ಆಸ್ಪತ್ರೆ, ನರ ಮತ್ತು ಬೆನ್ನುಹುರಿಯ ತುರ್ತುಸ್ಥಿತಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇವೆ.